ಎರಡುತೂಬಿನ ಕ್ಯಾಂಪಿನ ಭಾಗಾಕಾರ ಪ್ರದರ್ಶನ

ಕಾಲುವೆ ದಂಡೆಯ ಪುಟ್ಟ ಊರು ಎರಡುತೂಬಿನ ಕ್ಯಾಂಪಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಭಾಗಾಕಾರವನ್ನು ಈಗ ಶನಿವಾರ ಸಂಜೆ ಮಾತ್ರ, ವೇದಿಕೆಯ ಮೇಲೆ, ಸಾರ್ವಜನಿಕರ ಸಮ್ಮುಖದಲ್ಲಿ ಕಲಿಸಲಾಗುತ್ತದೆ. ಉಳಿದ ದಿನಗಳಲ್ಲಿ ಕಲಿಸುವುದು ನಿಯಮಬಾಹಿರ. ಈ ವ್ಯವಸ್ಥೆಯಿಂದ ಯಾರಿಗಾದರೂ ತೊಂದರೆಯಾದ ಬಗ್ಗೆ ವರದಿಯಾಗಿಲ್ಲ. ವರದಿ ಮಾಡಬೇಕಾದವರೆಲ್ಲ ತಾಲೀಮಿನಲ್ಲಿದ್ದಾರೆ.

ಇದಕ್ಕೆಲ್ಲ ಮೂಲ ಕಾರಣ ಗಣಿತದ ಟೀಚರ್ ಪದ್ಮಾವತಿ. ಮಸ್ಕಿಯಿಂದ ತುರ್ವಿಹಾಳದ ಬಸ್ಸು ಹತ್ತಿ, ಕಾಲುವೆ ಸೇತುವೆಯ ಬಳಿ ಇಳಿದು, ಒಡ್ಡಿನ ಮೇಲೆ ನಡೆದು ಶಾಲೆಗೆ ಬರುವ ಹೆಣ್ಣುಮಗಳು. ಮಿತಭಾಷಿ, ಯಾರ ತಕರಾರಿಗೂ ಹೋಗುವವರಲ್ಲ. ಅವರಿಗಿದ್ದ ಒಂದೇ ಚಟವೆಂದರೆ ಪಾಠ ಮಾಡುವುದು. ಹೆಡ್‌ಮಾಸ್ತರ್ ಆದೆಪ್ಪನವರು ಈ ಚಟದ ಬಗ್ಗೆ ಒಂದೆರಡು ಸಲ ಸಮಾಧಾನದಿಂದಲೇ ಬುದ್ಧಿ ಹೇಳಿದ್ದರು. "ಅಮ್ಮಾ, ಮೈ ನೋಡ್ಕೊಳ್ರಿ. ಬಿಸಲಾಗ ಇಷ್ಟು ಪಾಠ ಮಾಡಬಾರದು." ಪದ್ಮಾವತಿಗೆ ಅದು ನಾಟಲಿಲ್ಲ.

ಒಂದು ಶನಿವಾರ ಐದನೆಯ ತರಗತಿಗೆ ಭಿನ್ನರಾಶಿ ತಲೆಗೆ ಹೋಗಲಿಲ್ಲ. ಎಷ್ಟು ಸಲ ಬೋರ್ಡಿನ ಮೇಲೆ ಬರೆದರೂ ಮಕ್ಕಳು ಕಾಲುವೆಯಲ್ಲಿ ಮುಳುಗಿದ ಎಮ್ಮೆಗಳ ಹಾಗೆ ಕಣ್ಣು ಮಾತ್ರ ಬಿಟ್ಟುಕೊಂಡು ಕುಳಿತವು. ಪದ್ಮಾವತಿ ತಮ್ಮ ಬುತ್ತಿ ಬಿಚ್ಚಿ ಮೂರು ಜೋಳದ ರೊಟ್ಟಿ ಹೊರತೆಗೆದರು. ನಾಲ್ವರನ್ನು ನಿಲ್ಲಿಸಿ, "ನೀವು ನಾಲ್ಕು ಮಂದಿ ಅಣ್ಣತಮ್ಮರು. ಇರೋವು ಮೂರಽ ರೊಟ್ಟಿ. ಹಂಚಕೊಳ್ರಿ ನೋಡೋಣ," ಎಂದರು. ಹಿರಿಯಣ್ಣನಾದವನು ಎರಡು ರೊಟ್ಟಿ ಕಸಿದು ಓಡಿದ. ಕಿರಿಯವನು ಅವನ ಅಂಗಿ ಹಿಡಿದ. ನಡುವಿನವರು ಪಂಚಾಯಿತಿ ಕೂಡಿಸಿದರು. ಕೊನೆಗೆ ಒಬ್ಬ ಹುಡುಗಿ ಅತ್ತೆಯ ಧಾಟಿಯಲ್ಲಿ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದು ರೊಟ್ಟಿಯನ್ನೂ ನಾಲ್ಕು ಹೋಳು ಮಾಡಿ, ಎಲ್ಲರ ಕೈಗೂ ಮೂರು ಮೂರು ಹೋಳು ಇಟ್ಟು, "ಮುಕ್ಕಾಲು, ಮುಕ್ಕಾಲು, ಎಲ್ಲಾರಿಗೂ ಮುಕ್ಕಾಲು! ಇನ್ನ ಬಾಯಿ ಮುಚ್ಚಿ ತಿನ್ರಿ," ಎಂದಳು.

ನಾಟಿ ಮುಗಿಸಿ ಮೊಣಕಾಲ ತನಕ ಕೆಸರಾಗಿ ಬರುತ್ತಿದ್ದ ಹೆಂಗಸರು ಕಾಂಪೌಂಡಿನಾಚೆ ನಿಂತು ಬಿದ್ದು ಬಿದ್ದು ನಕ್ಕರು. ಮುಂದಿನ ಶನಿವಾರ ಅವರು ಗಂಡಂದಿರನ್ನು ಕರೆತಂದರು. ಅದರ ಮುಂದಿನ ಶನಿವಾರ ಮೆಲ್ಲಲು ಮಂಡಕ್ಕಿಯ ಮಂಡಾಳು ಒಗ್ಗರಣೆಯೂ ಬಂತು. ಸಿಂಧನೂರಿಗೆ ಹೋಗಿ ಸಿನಿಮಾ ನೋಡಬೇಕೆಂದರೆ ಇಡೀ ಸಂಸಾರ ಬಸ್ಸಿಗೆ ಬಡಿದಾಡಬೇಕು. ಇಲ್ಲಿ ಚಪ್ಪಲಿ ಸಹ ಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷ ಪಕೀರಪ್ಪನವರು ಶಾಲೆಯತ್ತ ತಲೆ ಹಾಕಿದ್ದು ಆಗಲೇ. ಅವರ ಅಳಿಯನ ಬಳಿ ಮದುವೆಗೆ ಕೊಡುವ ಕುರ್ಚಿಗಳಿದ್ದವು, ತಮ್ಮನ ಬಳಿ ಮಿರ್ಚಿ ಭಜಿಯ ಬಂಡಿಯಿತ್ತು. ಶಾಲೆಯ ಅಭಿವೃದ್ಧಿಗೆ ಇನ್ನೇನು ಬೇಕು?

ಯಾರೋ ತೆಗೆದ ವಿಡಿಯೋ ಊರೂರು ತಿರುಗಿ ಲಿಂಗಸುಗೂರಿನ ಶಾಲಾ ಸಂಭ್ರಮ ಕೋಶವನ್ನು ತಲುಪಿತು. ಈ ಕೋಶವು ಹೋದ ವರ್ಷ ಸ್ಥಾಪನೆಯಾಗಿ, ಏನು ಮಾಡಬೇಕೆಂದು ತಿಳಿಯದೆ, ಒಂದು ಫ್ಯಾನಿನ ಕೆಳಗೆ ತಾಳ್ಮೆಯಿಂದ ಕಾಯುತ್ತಿತ್ತು. ಅದರ ಮುಖ್ಯಸ್ಥ ಅನಿಲಕುಮಾರರು ವಿಡಿಯೋ ನೋಡಿ ಜೀಪು ತರಿಸಿದರು. ಮುಂದಿನ ಶನಿವಾರ ಮುಂದಿನ ಸಾಲಿನಲ್ಲಿ ಕುಳಿತು, ಮಿರ್ಚಿ ತಿನ್ನುತ್ತ, ಕೊನೆಯ ತನಕ ನೋಡಿದರು.

"ಭಾಳ ಚೊಲೋ ಐತ್ರಿ ಮೇಡಂ. ಇದರ ಹೆಸರೇನು?"

"ಭಿನ್ನರಾಶಿ ಸರ್," ಎಂದರು ಪದ್ಮಾವತಿ.

"ಭಿನ್ನ ಬ್ಯಾಡ. ಕುಟುಂಬ ಸಮೇತ ನೋಡೋ ಕಾರ್ಯಕ್ರಮದಾಗ ಭಿನ್ನ ಯಾಕ? ಐಕ್ಯರಾಶಿ ಅಂತ ಇಡ್ರಿ."

ಅಂದಿನಿಂದ ಕ್ಯಾಂಪಿನಲ್ಲಿ ಮುಕ್ಕಾಲು ಎಂಬುದು ಐಕ್ಯರಾಶಿಯಾಯಿತು.

ಕೋಶವು 'ಅಗ್ಗದ ಕುಟುಂಬ ಮನರಂಜನಾ ಯೋಜನೆ'ಯನ್ನು ಜಾರಿಗೊಳಿಸಿತು. ಅಗ್ಗದ ಎಂಬ ಪದದಿಂದ ಇಲಾಖೆಯ ಘನತೆಗೆ ಕುಂದು ಬರುತ್ತದೆಂದು ಯಾರೋ ಆಕ್ಷೇಪಿಸಿದ್ದರಿಂದ ಅದನ್ನು 'ಕೈಗೆಟುಕುವ' ಎಂದು ತಿದ್ದಲಾಯಿತು. ತಿದ್ದಿದ ಮೇಲೆ, ಅದು ನಿಜಕ್ಕೂ ಕೈಗೆಟುಕುತ್ತದೆಯೇ ಎಂದು ಪರಿಶೀಲಿಸಲು ಒಬ್ಬ ಇಂಜಿನಿಯರು ಬಂದು, ಮುಂದಿನ ಸಾಲಿನಲ್ಲಿ ಕುಳಿತು ಕೈ ಚಾಚಿ ನೋಡಿ, ಎಟುಕುವುದಿಲ್ಲವೆಂದು ಷರಾ ಬರೆದರು. ವೇದಿಕೆಯನ್ನು ಒಡೆದು ಒಂದು ಗೇಣು ಮುಂದಕ್ಕೆ ಕಟ್ಟಲಾಯಿತು. ಗುತ್ತಿಗೆ ಪಕೀರಪ್ಪನವರ ಇನ್ನೊಬ್ಬ ಅಳಿಯನಿಗೆ ಹೋಯಿತು.

ಕುಟುಂಬ ಎಂದರೇನು ಎಂಬ ಪ್ರಶ್ನೆಗೂ ಕೋಶ ಉತ್ತರಿಸಿತು: "ಗಂಡ, ಹೆಂಡತಿ, ಮಕ್ಕಳು, ಮನೆಯಲ್ಲಿ ಬಿಟ್ಟು ಬರಲಾಗದ ಮುದುಕರು, ಹಾಗೂ ಪರಸ್ಪರ ಮಾತು ಬಿಟ್ಟ ಅಣ್ಣತಮ್ಮಂದಿರು. ಇವರೆಲ್ಲರೂ ಒಂದೇ ಸಾಲಿನಲ್ಲಿ ಕೂರತಕ್ಕದ್ದು." ಗದ್ದೆಯ ಒಡ್ಡಿನ ತಕರಾರಿಗಾಗಿ ಕೋರ್ಟಿಗೆ ಅಲೆಯುತ್ತಿದ್ದ ಗಾಳೆಪ್ಪ ಮತ್ತು ಅವನ ಅಣ್ಣ ಅಕ್ಕಪಕ್ಕ ಕೂತು, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಕ್ಕರು. ಪ್ರವೇಶ ಉಚಿತವಾಗಿತ್ತು, ನಗುವುದು ಮಾತ್ರ ಕಡ್ಡಾಯ.

ಯೋಜನೆ ಒಂದು ಶಾಲೆಯ ಒಂದು ಸಂಜೆಯಿಂದ ತೃಪ್ತಿಪಡುವಂಥದ್ದಲ್ಲ. ಹಾಡು, ಕೋಲಾಟ, ವೇಷ, ಗುಂಪು ನೃತ್ಯ ಎಲ್ಲವೂ ಸೇರಿದವು. ಸೇರಿದ ಮೇಲೆ ತಾಲೀಮು ಬೇಕು. ತಾಲೀಮಿಗೆ ವೇಳೆ ಬೇಕು. ಮೊದಲು ಸಮಾಜದ ಪಿರಿಯಡ್ಡು ಹೋಯಿತು, ಆ ಸಮಾಜವೇ ನೋಡಲು ಬರುತ್ತಿದೆಯಲ್ಲ ಎಂಬ ಕಾರಣಕ್ಕೆ. ಆಮೇಲೆ ವಿಜ್ಞಾನ ಹೋಯಿತು. ಕನ್ನಡವನ್ನು ಹಾಡಿನೊಳಗೆ ವಿಲೀನಗೊಳಿಸಲಾಯಿತು. ಗಣಿತ ಉಳಿದಿತ್ತು, ಆದರೆ ಗಣಿತದ ಟೀಚರೇ ನಿರ್ದೇಶಕಿಯಾದ್ದರಿಂದ ಅದೂ ತಾನಾಗಿ ಬಿಟ್ಟುಹೋಯಿತು. ಕೊನೆಗೆ ಸುತ್ತೋಲೆ ಬಂತು: "ಶಾಲಾ ವೇಳೆಯಲ್ಲಿ ಪಾಠ ಮಾಡಿ ತಾಲೀಮಿಗೆ ಅಡ್ಡಿಪಡಿಸತಕ್ಕದ್ದಲ್ಲ. ಸಮರ್ಪಣಾ ಮನೋಭಾವದ ಶಿಕ್ಷಕರು ಇದನ್ನು ಅರಿತಿರುತ್ತಾರೆ. ಉಳಿದವರಿಗೆ ಅರಿವು ಮೂಡಿಸಲಾಗುವುದು."

ಪದ್ಮಾವತಿ ಅದನ್ನು ಎರಡು ಸಲ ಓದಿ ಆದೆಪ್ಪನವರ ಮುಂದೆ ಇಟ್ಟರು. "ಸರ್, ಹಂಗಾರ ಮಕ್ಕಳು ಕಲಿಯೋದು ಯಾವಾಗ?"

"ರಜಾದಾಗ," ಎಂದರು ಆದೆಪ್ಪನವರು, ಪೇಟದ ಬಟ್ಟೆ ಅಳೆಯುತ್ತ. ಕೋಲಾಟದಲ್ಲಿ ಅವರೂ ಇದ್ದರು.

ಹೀಗಿರುವಾಗ ಒಂದು ದಿನ ಅಯ್ಯಮ್ಮ ಬಂದಳು. ನಾಟಿ ಹೆಂಗಸರ ಗುಂಪು ಕಟ್ಟಿಕೊಂಡು ಗದ್ದೆಗದ್ದೆಗೆ ಹೋಗುವ ಗಟ್ಟಿ ಹೆಂಗಸು. ಮಗಳು ಅಶ್ವಿನಿ ಏಳನೆಯ ತರಗತಿ. ಪದ್ಮಾವತಿಯನ್ನು ಪಕ್ಕಕ್ಕೆ ಕರೆದು ದನಿ ಇಳಿಸಿದಳು.

"ಟೀಚರ್ರೀ, ನಮ್ಮ ಅಶ್ವಿನಿ ಚೊಲೋ ಕುಣಿತಾಳ. ನಾ ಇಲ್ಲ ಅನ್ನಂಗಿಲ್ಲ. ನಿನ್ನೆ ಐತವಾರ ಗದ್ದಿಗೆ ಕರಕೊಂಡು ಹೋಗಿದ್ದೆ. ನೂರಾ ಇಪ್ಪತ್ತು ಸಸಿ ಕಟ್ಟು ಅದಾವ, ಎಂಟು ಮಂದಿ ಅದೀವಿ, ಸಮ ಹಂಚವ್ವಾ ಅಂದೆ. ಏನಂದ್ಲು ಗೊತ್ತೇನ್ರೀ? 'ಯಾವ ಹಾಡಿಗೆ ಯವ್ವಾ?' ಅಂದ್ಲು."

ಪದ್ಮಾವತಿಗೆ ನಗು ಬರಲಿಲ್ಲ. ನಗು ಕಡ್ಡಾಯವಾಗಿದ್ದ ಆವರಣದಲ್ಲಿ ಇದು ನಿಯಮಭಂಗವೇ.

"ನಂದಂತೂ ಹೆಬ್ಬಟ್ಟು," ಎಂದಳು ಅಯ್ಯಮ್ಮ. "ಯಾರು ಎಷ್ಟು ಹೇಳ್ತಾರ ಅಷ್ಟಕ್ಕ ಹೂಂ ಅಂತೀನಿ. ಆಕಿನೂ ಹಂಗ ಆಗೋದು ಬ್ಯಾಡ್ರೀ. ಕದ್ದು ಮುಚ್ಚಿ ಆದ್ರೂ ಒಂದೀಟು ಕಲಸ್ರಿ. ನಾ ಯಾರ ಮುಂದನೂ ಹೇಳಂಗಿಲ್ಲ."

ಕಳ್ಳತನಕ್ಕೆ ಜಾಗ ಕೊಟ್ಟವಳು ಬಿಸಿಯೂಟದ ಮೆಹಬೂಬ್‌ಬೀ. "ಅಡಗಿ ಮನಿಗೆ ಬರ್ರಿ ಮೇಡಂ. ಒಗ್ಗರಣಿ ಘಾಟು ಐತಿ, ಸಾಹೇಬ್ರು ಯಾರೂ ಒಳಗ ಕಾಲಿಡಂಗಿಲ್ಲ." ಮಧ್ಯಾಹ್ನ ಹೊರಗೆ ಧ್ವನಿವರ್ಧಕ ಶುರುವಾದೊಡನೆ, ಏಳನೆಯ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ನುಸುಳುತ್ತಿದ್ದವು. ಅಕ್ಕಿಯ ಚೀಲಗಳ ನಡುವೆ ಕೂತು, ಗೋಡೆಯ ಮೇಲೆ ಇದ್ದಿಲಲ್ಲಿ ಬರೆದ ಲೆಕ್ಕ ಬಿಡಿಸುತ್ತಿದ್ದವು. ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳಿಸಲಾಗುತ್ತಿತ್ತು. ನಿಷಿದ್ಧವೆಂದು ಗೊತ್ತಾದದ್ದೇ ತಡ, ಹಿಂದೆಂದೂ ಇಲ್ಲದ ಆಸಕ್ತಿ ಮಕ್ಕಳಲ್ಲಿ ಹುಟ್ಟಿತ್ತು. ಒಬ್ಬ ಹುಡುಗನಂತೂ ಮನೆಯಲ್ಲಿ ಹೊದಿಕೆಯೊಳಗೆ ಹನ್ನೆರಡರ ಮಗ್ಗಿ ಹೇಳುತ್ತ ಸಿಕ್ಕಿಬಿದ್ದು ಅಪ್ಪನ ಕೈಯಲ್ಲಿ ಬೈಸಿಕೊಂಡ.

ಆದರೆ ತಾಲೀಮು ನೋಡಲು ಬಂದಿದ್ದ ಅನಿಲಕುಮಾರರಿಗೆ ಒಂದು ದಿನ ಊಟಕ್ಕೆ ಮುಂಚೆಯೇ ಹಸಿವಾಯಿತು. ಸೀದಾ ಅಡುಗೆಮನೆಗೆ ನುಗ್ಗಿದರು. ಎರಡು ಸಲ ಸೀನಿ, ಕಣ್ಣೊರೆಸಿ ನೋಡಿದರೆ, ಗೋಡೆಯ ತುಂಬ ಅಂಕಿ.

"ಇದೇನ್ರೀ ಇದು?"

ಪದ್ಮಾವತಿ ಕೈಯಲ್ಲಿದ್ದ ಇದ್ದಿಲನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಮಕ್ಕಳ ನಡುವಿನಿಂದ ಒಂದು ಪ್ರಾಮಾಣಿಕ ದನಿ ಹೇಳಿತು: "ಪಾಠ ಸಾರ್."

"ಪಾಠ?" ಅನಿಲಕುಮಾರರು ಗೋಡೆಗೆ ಕೈ ಕೊಟ್ಟರು. ಅಂಗೈ ಕಪ್ಪಾಯಿತು. "ಸಾಲಿ ಒಳಗ? ಹಾಡಹಗಲ? ಮೇಡಂ, ನಿಮ್ಮಂಥಾ ಸಮರ್ಪಣಾ ಭಾವದವರು ಇಂಥಾ ಕೆಲಸ ಮಾಡ್ತೀರಿ ಅಂತ ನಾ ಕನಸಿನ್ಯಾಗೂ ಅನ್ಕೊಂಡಿದ್ದಿಲ್ಲ."

"ಸರ್, ಮಕ್ಕಳಿಗೆ ಭಾಗಾಕಾರ..."

"ಸಸ್ಪೆಂಡ್ ಆಗೋ ಮಾತು ಇದು!"

ಅಷ್ಟರಲ್ಲಿ ಆದೆಪ್ಪನವರು ಪೇಟ, ಗೆಜ್ಜೆ ಸಮೇತ ಓಡಿ ಬಂದರು. ಜೀವಮಾನದಲ್ಲಿ ಅವರು ಯಾರಿಗೂ ಅಡ್ಡ ನಿಂತವರಲ್ಲ, ಯಾರಿಗಾಗಿಯೂ ಮುಂದೆ ನಿಂತವರಲ್ಲ. ಅಂದು ಅವರ ಬಾಯಿಂದ ಆ ಮಾತು ಹೇಗೆ ಬಂತೋ ಅವರಿಗೇ ತಿಳಿಯದು. ವಿಚಾರಣೆ ನಡೆದರೆ ನಿವೃತ್ತಿಯ ಹೊಸ್ತಿಲಲ್ಲಿ ತಾವೂ ಕಟಕಟೆ ಹತ್ತಬೇಕಾದೀತೆಂಬ ಅಂಜಿಕೆಯೂ ಇರಬಹುದು.

"ಸರ್, ಸಿಟ್ಟಾಗಬ್ಯಾಡ್ರಿ. ಅದು ಹೊಸಾ ನಾಟಕ. ಹೆಸರು 'ಪಾಠ'. ತಾಲೀಮು ನಡದೈತಿ."

ಅನಿಲಕುಮಾರರು ತಡೆದು ನಿಂತರು. "ನಾಟಕಾ? ಕಥಿ ಏನು?"

"ಒಬ್ಬಾಕಿ ಟೀಚರ್ ಇರ್ತಾಳ ಸರ್. ಮಕ್ಕಳಿಗೆ ಕಲಸ್ತಾಳ."

"ಆಮ್ಯಾಲ?"

"ಆಮ್ಯಾಲ... ಮಕ್ಕಳಿಗೆ ತಿಳಿತೈತಿ."

ಅನಿಲಕುಮಾರರ ಕಣ್ಣು ತುಂಬಿ ಬಂದವು. ಒಗ್ಗರಣೆಯ ಘಾಟೂ ಇತ್ತು. "ಇಂಥಾ ಕಲ್ಪನಾ ಎಲ್ಲಿಂದ ಬರ್ತಾವ್ರೀ ನಿಮಗ!" ಎಂದು ಕಪ್ಪು ಅಂಗೈಯಿಂದಲೇ ಆದೆಪ್ಪನವರ ಬೆನ್ನು ತಟ್ಟಿದರು. "ಈ ಶನಿವಾರ ಇದಽ ಮೊದಲು. ಮಂದಿಗೆ ಹಳೇ ಕಾಲದ ಕಥಿ ಅಂದ್ರ ಪ್ರಾಣ."

ಆ ಶನಿವಾರ ಜವಳಗೇರಾ, ವಳಕಮದಿನ್ನಿಯಿಂದಲೂ ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ಪರದೆ ಸರಿಯಿತು. ವೇದಿಕೆಯ ಮೇಲೆ ಒಂದು ಬೋರ್ಡು, ಒಂದು ಮೇಜು, ನೆಲದ ಮೇಲೆ ಮಕ್ಕಳು. ಇಂಥ ಸೆಟ್ಟನ್ನು ಕ್ಯಾಂಪಿನ ಚಿಕ್ಕಮಕ್ಕಳು ಹಿಂದೆಂದೂ ನೋಡಿರಲಿಲ್ಲ. ಪದ್ಮಾವತಿ ಸುಣ್ಣದ ಕಡ್ಡಿ ಹಿಡಿದು ಬಂದು ನಿಂತರು. ನೂರಾ ಇಪ್ಪತ್ತು ಭಾಗಿಸು ಎಂಟು ಎಂದು ಬರೆದರು. ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ಎತ್ತಿನ ಕಣ್ಣಿ ಬಿಚ್ಚಿದಂತಾಯಿತು.

"ಅಶ್ವಿನಿ, ಬಾ. ಮಾಡು."

ಅಶ್ವಿನಿ ಬಂದಳು. "ಎಂಟೊಂದ್ಲೆ ಎಂಟು. ಹನ್ನೆರಡರಾಗ ಎಂಟು ಹೋದ್ರ..." ಎಂದು ನಿಂತಳು. ಮಿರ್ಚಿ ಬಂಡಿಯವನು ಬಾಣಲೆಯಿಂದ ಜಾಲರಿ ಸೌಟು ಎತ್ತಿದವನು ಹಾಗೇ ನಿಂತ. ಮುಂದಿನ ಸಾಲಿನಲ್ಲಿ ಅಯ್ಯಮ್ಮ ಎದ್ದು ನಿಂತು ಸೆರಗು ಕಚ್ಚಿದಳು.

"ನಾಲ್ಕು!" ಎಂದಳು ಅಶ್ವಿನಿ. "ಸೊನ್ನಿ ಇಳಿಸಿದ್ರ ನಲವತ್ತು. ಎಂಟೈದ್ಲೆ ನಲವತ್ತು. ಒಬ್ಬೊಬ್ಬರಿಗೆ ಹದಿನೈದು ಕಟ್ಟು! ಏನೂ ಉಳಿಯಂಗಿಲ್ಲ!"

ಸಿಳ್ಳು ಬಿದ್ದವು. ಟವೆಲ್ಲು ಹಾರಿದವು. ಗಾಳೆಪ್ಪ ಮರೆತು ಅಣ್ಣನನ್ನು ತಬ್ಬಿಕೊಂಡು, ನೆನಪಾಗಿ ಬಿಟ್ಟ. "ಒನ್ಸ್ ಮೋರ್!" ಎಂದು ಮೈದಾನವೇ ಕೂಗಿತು. ಪದ್ಮಾವತಿ ಇನ್ನೊಂದು ಲೆಕ್ಕ ಬರೆದರು. ಮತ್ತೊಂದು. ಮಕ್ಕಳು ನಾ ಮುಂದು ತಾ ಮುಂದು ಎಂದು ಬಂದವು. ಅಯ್ಯಮ್ಮ ಅಳುತ್ತಿದ್ದಳು, ನಗುತ್ತಿದ್ದಳು. ಎರಡೂ ಒಟ್ಟಿಗೆ ಮಾಡಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಸ್ಪಷ್ಟತೆಯಿರಲಿಲ್ಲ. ವೇದಿಕೆಯಿಂದ ಇಳಿದಾಗ ಪದ್ಮಾವತಿಗೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿದಂತಿತ್ತು.

ಸೋಮವಾರವೇ ಕೋಶದ ಸೂಚನೆಗಳು ಬಂದವು. ಶೇಷ ಸೊನ್ನೆ ಬಂದರೆ ಕಥೆ ಮುಗಿದು ಪ್ರೇಕ್ಷಕರು ಎದ್ದು ಹೋಗುವುದರಿಂದ, ಕೊನೆಯ ಲೆಕ್ಕದಲ್ಲಿ ಕಡ್ಡಾಯವಾಗಿ ಶೇಷ ಉಳಿಸತಕ್ಕದ್ದು. ಪ್ರತಿ ಕಳೆಯುವ ಹಂತಕ್ಕೆ ಮುಂಚೆ ಭಜಿ ವಿರಾಮ ಕೊಡತಕ್ಕದ್ದು. ಇದು ಪಕೀರಪ್ಪನವರ ಸಲಹೆ. ಸುತ್ತಲಿನ ಕ್ಯಾಂಪುಗಳೂ 'ಪಾಠ' ಆಡಲು ಮುಂದೆ ಬಂದವು. ಅಲ್ಲೆಲ್ಲ ಶಿಕ್ಷಕರು ಕೋಲಾಟದಲ್ಲಿ ಮಗ್ನರಾಗಿದ್ದರಿಂದ ಟೀಚರ್ ಪಾತ್ರಕ್ಕೆ ನಾಟಕ ಕಂಪನಿಯ ಕಲಾವಿದೆಯರನ್ನು ಕರೆತರಲಾಯಿತು. ಅವರು ಇಪ್ಪತ್ತರ ತನಕ ಮಗ್ಗಿಯನ್ನು ನಾಟಕದ ಮಾತಿನ ಹಾಗೆ ಕಂಠಪಾಠ ಮಾಡಿ, ಒಂದು ಅಂಕಿಯೂ ತಪ್ಪದಂತೆ ಒಪ್ಪಿಸಿದರು. ಮಕ್ಕಳೂ ಕಲಿತವು.

ವರ್ಷದ ಕೊನೆಗೆ ಸಿಂಧನೂರಿನಲ್ಲಿ ದೊಡ್ಡ ಸಮಾರಂಭ ಮಾಡಿ ಪದ್ಮಾವತಿಗೆ 'ಶಿಕ್ಷಕಿಯ ಪಾತ್ರದಲ್ಲಿ ಅತ್ಯುತ್ತಮ ಅಭಿನಯ' ಪ್ರಶಸ್ತಿ ಕೊಟ್ಟರು. ಅನಿಲಕುಮಾರರು ಮೈಕು ಹಿಡಿದು, "ಇವರನ್ನ ನೋಡಿದ್ರ ಖರೇನ ಟೀಚರ್ ಅದಾರೇನೋ ಅನಸ್ತೈತಿ, ಅಷ್ಟು ಸಹಜ," ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಹಾರ ಹಾಕಿಸಿಕೊಳ್ಳುತ್ತ ಪದ್ಮಾವತಿ ಮೆಲ್ಲಗೆ ಕೇಳಿದರು, "ಸರ್, ಸೋಮವಾರ, ಮಂಗಳವಾರನೂ ಒಂದೊಂದು ತಾಸು ಮಾಡ್ಲೇನ್ರೀ? ಮಂದಿ ಇಲ್ಲಂದ್ರೂ ನಡಿತೈತಿ."

"ಛೇ, ಬ್ಯಾಡ್ರಿ ಮೇಡಂ," ಎಂದರು ಅನಿಲಕುಮಾರರು, ನಿಜವಾದ ಕಾಳಜಿಯಿಂದ. "ದಿನಾ ಮಾಡಿದ್ರ ಅದರ ಬೆಲೆ ಹೋಗತೈತಿ."

ಸಂಜೆ ಮಸ್ಕಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ಹಾರವನ್ನು, ಶಾಲನ್ನು ನೋಡಿ ವಿಚಾರಿಸಿದಳು.

"ಏನ್ ಕೆಲಸ ಮಾಡ್ತೀಯವ್ವಾ?"

ಪದ್ಮಾವತಿ ಹಾರ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಸಾಲಿಯೊಳಗ ಟೀಚರ್ ಪಾರ್ಟು ಮಾಡ್ತೀನಮ್ಮಾ."

"ಪರ್ಮನೆಂಟೋ, ಅತಿಥಿಯೋ?"

"ಪರ್ಮನೆಂಟ್."

"ಹಂಗಾರ ಚಿಂತಿಲ್ಲ ಬಿಡು," ಎಂದು ಮುದುಕಿ, ಸರಕಾರಿ ನೌಕರರಿಗೆ ಸಲ್ಲುವ ಗೌರವದಿಂದ, ಸ್ವಲ್ಪ ಸರಿದು ಜಾಗ ಬಿಟ್ಟಳು.