ಗೊತ್ತಪ್ಪ ಕಟ್ಟಿದ ನೊಣ

ಅವತ್ತು ಬಾಯಿ ಮುಚ್ಚಿಕೊಂಡು ಸುಮ್ಮನೆ ಮೀಸೆ ಕತ್ತರಿಸಿದ್ದರೆ ಗೊತ್ತಪ್ಪನಿಗೆ ಈ ಫಜೀತಿಯೇ ಬರುತ್ತಿರಲಿಲ್ಲ.

ಗೊತ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಹದಿನಾರು ವರ್ಷದಿಂದ ಅದೇ ಬಾಡಿಗೆ ಮಳಿಗೆಯಲ್ಲಿ ಸೆಲೂನ್ ನಡೆಸುತ್ತಿದ್ದ ಈ ಮಹಾಶಯ, ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧಕ್ಕೇ ಕತ್ತರಿ ಹಾಕಿ "ಗೊತ್ತು ಗೊತ್ತು" ಅನ್ನುತ್ತಿದ್ದ. ಗಿರಾಕಿಗಳ ಕೂದಲಿಗಿಂತ ಹೆಚ್ಚು ಅವರ ಮಾತನ್ನೇ ಕತ್ತರಿಸಿದ್ದ ಅಂದರೂ ತಪ್ಪಿಲ್ಲ.

ಮೂರು ವಾರದ ಹಿಂದೆ ಮಳಿಗೆಯ ಮಾಲೀಕರು ಮೀಸೆ ಕತ್ತರಿಸಿಕೊಳ್ಳಲು ಕುರ್ಚಿಯಲ್ಲಿ ಒರಗಿಕೊಂಡು ಕೇಳಿದ್ದರು: "ನೊಣ ಕಟ್ಟೋದು ಗೊತ್ತೇನಯ್ಯಾ ನಿಂಗೆ?"

ಗೊತ್ತಪ್ಪನಿಗೆ ಗೊತ್ತಿದ್ದದ್ದು ನೊಣ ಹೊಡೆಯುವುದು ಮಾತ್ರ. ಗಿರಾಕಿಗಳಿಲ್ಲದ ಮಧ್ಯಾಹ್ನ ಅದೇ ತಾನೆ ಕೆಲಸ? ಆದರೂ ನಾಲಿಗೆ ಸುಮ್ಮನಿರಬೇಕಲ್ಲ.

"ಗೊತ್ತು ಸಾರ್."

ಮಾಲೀಕರಿಗೆ ಗಾಳ ಹಾಕುವ ಶೋಕಿ. ಎರೆಹುಳ ಚುಚ್ಚಿ ಮೀನು ಹಿಡಿಯುವುದು ಅವರ ಘನತೆಗೆ ಕಡಿಮೆ. ಪುಟ್ಟ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಥೇಟ್ ನೊಣದ ಹಾಗೆ ಮಾಡಿ ನೀರಿನ ಮೇಲೆ ತೇಲಿಬಿಡಬೇಕು. ಮೀನು ನಿಜವಾದ ಹುಳವೆಂದು ಮೋಸಹೋಗಿ ಬಾಯಿ ಹಾಕಬೇಕು. ಅದು ದೊಡ್ಡವರ ಬೇಟೆ.

"ಹಾಗಾದ್ರೆ ಸರಿ. ಕರಾರು ಮುಗಿಯೋ ಭಾನುವಾರ ಬೆಳಿಗ್ಗೆ ಒಂದು ಕಟ್ಟಿಕೊಡು. ನನ್ನ ಅಳಿಯ ಈ ಮಳಿಗೇಲಿ ಮೊಬೈಲ್ ಅಂಗಡಿ ಇಡ್ತೀನಿ ಅಂತ ಪ್ರಾಣ ತಿಂತಿದಾನೆ. ನಿನ್ನ ನೊಣಕ್ಕೆ ಮೀನು ಬಿತ್ತು ಅಂದ್ರೆ, ಅವನಿಗೆ ಇಲ್ಲ ಅಂತೀನಿ, ನಿಂಗೆ ಇನ್ನೈದು ವರ್ಷಕ್ಕೆ ಸಹಿ ಹಾಕ್ತೀನಿ."

ಆ ಮಾತು ಕೇಳಿದ ಮೇಲೆ ಗೊತ್ತಪ್ಪನಿಗೆ ಊಟ ಸೇರಲಿಲ್ಲ. ಆ ಮಳಿಗೆ ಬಿಟ್ಟರೆ ಅವನಿಗೆ ಬೇರೆ ದಿಕ್ಕಿರಲಿಲ್ಲ. ಕೊಕ್ಕೆ ಕಚ್ಚಿ ಹಿಡಿಯುವ ಪುಟ್ಟದೊಂದು ವೈಸ್ ತಂದು ಕನ್ನಡಿಯ ಕೆಳಗಿನ ಹಲಗೆಗೆ ತಿರುಪಿದ. ಮೊಬೈಲ್ ಎದುರಿಗಿಟ್ಟುಕೊಂಡು ಕಲಿಯಲು ಕೂತ. ಮೊದಲು ಕೊಕ್ಕೆಯ ಬೆನ್ನಿಗೆ ದಾರ ಸುತ್ತಬೇಕು, ಒಂದು ಸುತ್ತಿನ ಮೇಲೆ ಇನ್ನೊಂದು ಬೀಳಬಾರದು. ಆಮೇಲೆ ಬಾಲ. ದಾರಕ್ಕೆ ಮೇಣ ಸವರಿ, ಕೂದಲು ಹೊಸೆದು ಹೊಟ್ಟೆ. ಕೋಳಿಯ ಕುತ್ತಿಗೆಯ ಗರಿ ಸುತ್ತಿದರೆ ಕಾಲು. ಕೊನೆಗೆ ತಲೆಯ ಹತ್ತಿರ ದಾರವನ್ನು ಅದರ ಕೆಳಗೇ ತೂರಿಸಿ ಗಂಟು. ಆ ಗಂಟಿನ ಹತ್ತಿರ ಬಂದಾಗಲೆಲ್ಲ ದಾರ ಪಟ್ಟನೆ ಹರಿದು, ಇಡೀ ನೊಣ ಬಿಚ್ಚಿಕೊಂಡು ಹಲಗೆಯ ಮೇಲೆ ಹರಡಿಕೊಳ್ಳುತ್ತಿತ್ತು.

ಹೇಗೋ ಪೂರ್ತಿಯಾದ ಒಂದನ್ನು ಹೆಂಡತಿಗೆ ತೋರಿಸಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಬಚ್ಚಲ ತೂಬಲ್ಲಿ ಸಿಕ್ಕಿದ್ದಾ?"

"ನೊಣ ಕಣೇ!"

"ಪಾಪ, ಸತ್ತು ಎಷ್ಟು ದಿನ ಆಗಿತ್ತು?"

ಆ ಭಾನುವಾರ ಬಂದೇಬಿಟ್ಟಿತು. ಹೊಟ್ಟೆಗೆ ಬೇಕಾದ ಕೂದಲಿಗಾಗಿ ಗೊತ್ತಪ್ಪ ಬೆಳ್ಳಂಬೆಳಿಗ್ಗೆ ಪಕ್ಕದ ಮಳಿಗೆಯ ದರ್ಜಿಯ ಬೆಕ್ಕನ್ನು ಹಿಡಿಯಲು ಹೋಗಿ, ಮುಂಗೈಯೆಲ್ಲ ಪರಚಿಸಿಕೊಂಡು ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಮಾಲೀಕರು ಗಾಳದ ಕೋಲು ಹಿಡಿದು ಹಾಜರು.

"ಮೀಸೆ ಸ್ವಲ್ಪ ಸರಿಮಾಡು. ನೊಣ ಎಲ್ಲಿ?"

"ಕೊನೇ ಗಂಟು ಒಂದು ಬಾಕಿ ಸಾರ್."

ಮಾಲೀಕರದು ಹುರಿಮೀಸೆ. ಮೂವತ್ತೆರಡು ವರ್ಷ ಸಾಕಿದ್ದು. ಗೊತ್ತಪ್ಪನೇ ಬಣ್ಣ ಹಚ್ಚುತ್ತಿದ್ದುದರಿಂದ ಅದು ಕಪ್ಪೂ ಅಲ್ಲದ ಕೆಂಪೂ ಅಲ್ಲದ ತಾಮ್ರದ ಬಣ್ಣಕ್ಕೆ ತಿರುಗಿತ್ತು. ತುದಿಗಳನ್ನು ಕತ್ತರಿಸಿದಾಗ ಎದೆಗೆ ಹರಡಿದ್ದ ಹಾಳೆಯ ಮೇಲೆ ಚಿಟಿಕೆಯಷ್ಟು ಕೂದಲು ಬಿತ್ತು. ಬಿಸಿಲಿಗೆ ಮಿಂಚಿತು. ಗೊತ್ತಪ್ಪ ಮಾಲೀಕರ ಮುಖಕ್ಕೆ ಬಿಸಿ ಟವೆಲ್ ಮುಚ್ಚಿ, ಆ ಕೂದಲನ್ನೇ ದಾರಕ್ಕೆ ಹೊಸೆದ. ಏನಾಶ್ಚರ್ಯ, ದಾರ ಹರಿಯಲಿಲ್ಲ! ವೈಸಿನ ಮೇಲೆ ಕೂತದ್ದು ಥೇಟ್ ನೊಣ, ಉಫ್ ಅಂದರೆ ಹಾರಿಹೋಗುವಂಥದ್ದು.

ಮಾಲೀಕರು ಟವೆಲ್ ಸರಿಸಿ ನೋಡಿ ಬೆರಗಾದರು. "ಭೇಷ್! ಯಾವುದರ ಕೂದಲಯ್ಯಾ ಇದು?"

"ಬೆಟ್ಟದ ಅಳಿಲು ಸಾರ್."

ಅವರು ಹೊಳೆಯ ಕಡೆ ಹೊರಟದ್ದೇ, ಎದುರುಗಡೆಯ ಮೀನಂಗಡಿಯ ಅಕ್ಕ ಬೀದಿ ದಾಟಿ ಬಂದಳು.

"ಏನಪ್ಪಾ, ಮೂರು ವಾರದಿಂದ ಇದಕ್ಕೇನಾ ಇಷ್ಟು ಒದ್ದಾಡಿದ್ದು? ಅಲ್ಲಾ, ಮಾಲೀಕರ ಮೀನಿನ ವಿಷಯ..."

"ಗೊತ್ತಕ್ಕಾ, ಗೊತ್ತು."

"ನಿಜವಾಗ್ಲೂ ಗೊತ್ತಾ?"

"ಎಲ್ಲಾ ಗೊತ್ತು. ನೀನು ಹೋಗಿ ವ್ಯಾಪಾರ ನೋಡು."

ಅಕ್ಕ ಅವನನ್ನೊಮ್ಮೆ ವಿಚಿತ್ರವಾಗಿ ನೋಡಿ, ಭುಜ ಕುಣಿಸಿ ಹೊರಟುಹೋದಳು.

ಸಂಜೆ ನಾಲ್ಕಕ್ಕೆ ಬೀದಿಯಲ್ಲಿ ಗದ್ದಲ. ಮಾಲೀಕರು ಮೊಳದುದ್ದದ ಮೀನು ಎತ್ತಿ ಹಿಡಿದು ಬರುತ್ತಿದ್ದರು. ಮೀನಿನ ತುಟಿಯಲ್ಲಿ ತಾಮ್ರದ ಬಣ್ಣದ ನೊಣ! ಗೊತ್ತಪ್ಪನ ಕಣ್ಣಲ್ಲಿ ನೀರೇ ಬಂತು.

"ನೀರಿಗೆ ಬಿಟ್ಟಿದ್ದೇ ತಡ," ಮಾಲೀಕರು ಸುತ್ತ ಸೇರಿದವರಿಗೆಲ್ಲ ಕೇಳುವಂತೆ ಹೇಳಿದರು, "ಹಾರಿ ಬಂದು ನುಂಗ್ತು! ಅರ್ಧ ಗಂಟೆ ಎಳೆದಾಡ್ತು!"

ಮೀನನ್ನು ಹಲಗೆಯ ಮೇಲಿಟ್ಟು, ಜೇಬಿನಿಂದ ಕರಾರುಪತ್ರ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು.

"ಅಳಿಯ ನಂಬ್ತಿಲ್ಲಯ್ಯಾ. ಈ ನೊಣ ನೀನು ಎಲ್ಲಿಂದಲೋ ಕೊಂಡು ತಂದಿದ್ದು ಅಂತಾನೆ. ನನ್ನ ಕಣ್ಣೆದುರಿಗೇ ಇನ್ನೊಂದು ಕಟ್ಟಿಬಿಡು, ಸಹಿ ಹಾಕ್ತೀನಿ. ಮುಂದಿನ ವಾರಕ್ಕೂ ಆಯ್ತು." ಹಾಗೆಂದು ಕುರ್ಚಿಯಲ್ಲಿ ಒರಗಿದವರು, ಬಿಸಿಲಲ್ಲಿ ಸುಸ್ತಾಗಿದ್ದರೇನೋ, ಎರಡೇ ನಿಮಿಷಕ್ಕೆ ಗೊರಕೆ ಶುರುಮಾಡಿದರು.

ಬೆಳಿಗ್ಗೆ ಮಿಕ್ಕಿದ್ದ ಮೀಸೆಯ ಕೂದಲಿಗಾಗಿ ಗೊತ್ತಪ್ಪ ಆ ಹಾಳೆ ಹುಡುಕಿದ. ಹಾಳೆ ಇರಲಿಲ್ಲ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ಸಹಿ ಹಾಕೋ ದಿನ ಅಂತ ಚೊಕ್ಕಟವಾಗಿ ಗುಡಿಸಿಟ್ಟೆ ರೀ," ಅಂದಳು ಹೆಂಡತಿ ಹೆಮ್ಮೆಯಿಂದ.

ಗೊತ್ತಪ್ಪ ಬೀದಿಕೊನೆಯ ಕಸದ ತೊಟ್ಟಿಗೆ ಓಡಿದ. ಸೊಂಟದವರೆಗೂ ಬಗ್ಗಿ ಕೆದಕಿದ. ನಾಲ್ಕು ದಿನದ ಗಿರಾಕಿಗಳೆಲ್ಲ ಅಲ್ಲಿದ್ದರು: ಕಪ್ಪು, ಬಿಳಿ, ಗುಂಗುರು. ತಾಮ್ರ ಮಾತ್ರ ಇಲ್ಲ. ಹಿಂದೆಯೇ ಬಂದಿದ್ದ ದರ್ಜಿ ಮೂಗು ಮುಚ್ಚಿಕೊಂಡು ಹೇಳಿದ:

"ಯಾವ್ದೋ ಒಂದು ಕೂದಲು ಸುತ್ತಿ ಕೊಡೋ ಮಾರಾಯಾ. ಅವರೇನು ಇಂಥದ್ದೇ ಬೇಕು ಅಂದ್ರಾ?"

"ನಂಗೊತ್ತು ಸುಮ್ನಿರೋ! ಆ ಕೂದಲಲ್ಲಿ ಏನೋ ಇದೆ. ಮುಂದಿನ ವಾರ ಮೀನು ಬೀಳದಿದ್ರೆ ಅಳಿಯ ಬಿಡ್ತಾನಾ? ಮೀನಿಗೆ ಅದೇ ಬೇಕು."

ಅದು ಜಗತ್ತಿನಲ್ಲಿ ಒಂದೇ ಕಡೆ ಬೆಳೆಯುತ್ತಿತ್ತು. ಕುರ್ಚಿಯಲ್ಲಿ, ಗೊರಕೆಯ ಲಯಕ್ಕೆ ತಕ್ಕಂತೆ ಏಳುತ್ತ ಇಳಿಯುತ್ತಿತ್ತು.

ಒಂದು ಚಿಟಿಕೆ ಸಾಕು, ಎಡಗಡೆಯಿಂದ, ಗೊತ್ತೇ ಆಗುವುದಿಲ್ಲ ಎಂದುಕೊಂಡು ಗೊತ್ತಪ್ಪ ಕತ್ತರಿ ಹಿಡಿದ. ಕಚಕ್. ಹಿಂದೆ ಸರಿದು ನೋಡಿದರೆ ಬಲಗಡೆ ಭಾರವಾಗಿ ಕಂಡಿತು. ಹದಿನಾರು ವರ್ಷದ ಕೈ, ಎರಡು ಕಡೆ ಸಮ ಮಾಡದೆ ಬಿಡುವುದಾದರೂ ಹೇಗೆ? ಬಲಗಡೆ ಕಚಕ್. ಈಗ ಎಡಗಡೆ ಉದ್ದ. ಮತ್ತೆ ಎಡ, ಮತ್ತೆ ಬಲ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. ಕೊನೆಗೂ ಎರಡು ಕಡೆಯೂ ಸರಿಸಮ ಆದಾಗ ಮಾಲೀಕರ ಮೂಗಿನ ಕೆಳಗೆ ಉಳಿದದ್ದು ಪೆನ್ಸಿಲಿನಲ್ಲಿ ಗೀಚಿ ಅಳಿಸಿದಂಥ ಒಂದು ಗುರುತು.

ಆ ಕೂದಲು ಹೊಸೆದು ಅವನು ನೊಣ ಕಟ್ಟಿದ. ದಾರ ಹರಿಯಲಿಲ್ಲ. ಇದು ಮೊದಲನೆಯದಕ್ಕಿಂತ ಚೆನ್ನಾಗಿತ್ತು, ಅದೇ ದುಃಖ.

ಮಾಲೀಕರು ಎಚ್ಚರಗೊಂಡು ಆಕಳಿಸಿ, ಅಭ್ಯಾಸದಂತೆ ಮೀಸೆ ತಿರುವಲು ಬೆರಳು ಒಯ್ದರು. ಬೆರಳಿಗೆ ಏನೂ ಸಿಗಲಿಲ್ಲ. ಕನ್ನಡಿ ನೋಡಿದರು. ವೈಸಿನ ಮೇಲಿದ್ದ ನೊಣ ನೋಡಿದರು. ಮತ್ತೆ ಕನ್ನಡಿ ನೋಡಿದರು.

"ಬೆಟ್ಟದ ಅಳಿಲು," ಅಂದರು ನಿಧಾನವಾಗಿ.

"ಸಾರ್, ಅದು... ಬೆಳೆಯತ್ತೆ ಸಾರ್..."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ಪೆನ್ನಿಗೆ ಮುಚ್ಚಳ ಹಾಕಿದರು, ಕರಾರುಪತ್ರ ಮಡಿಚಿ ಜೇಬಿಗೆ ಸೇರಿಸಿದರು, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಎದ್ದರು.

"ತಿಂಗಳ ಕೊನೆಗೆ ಖಾಲಿ ಮಾಡು. ಅಳಿಯ ಬರ್ತಾನೆ."

ಟವೆಲ್ಲನ್ನೂ ಒಯ್ದರು. ಮೀನು ಅಲ್ಲೇ ಉಳಿಯಿತು.

ಗೊತ್ತಪ್ಪ ಗಿರಾಕಿ ಕುರ್ಚಿಯಲ್ಲಿ ಕುಸಿದು ಕೂತ. ಹದಿನಾರು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಮೀನಂಗಡಿಯ ಅಕ್ಕ ತಟ್ಟೆ ಹಿಡಿದು ಒಳಗೆ ಬಂದಳು.

"ಮಾಲೀಕರು ಬಿಟ್ಟು ಹೋದ್ರಂತೆ? ಒಯ್ದು ಮಂಜುಗಡ್ಡೆ ಮೇಲೆ ಇಡ್ತೀನಿ, ಇನ್ನೂ ತಾಜಾ ಇದೆ. ಮಧ್ಯಾಹ್ನ ತಾನೆ ನಮ್ಮ ಅಂಗಡೀಲಿ ತಗೊಂಡಿದ್ದು."

ಗೊತ್ತಪ್ಪ ತಲೆಯೆತ್ತಿದ. "ನಿಮ್ಮ ಅಂಗಡೀಲಾ?"

"ಮತ್ತೆ? ಆರು ವರ್ಷದಿಂದ ಪ್ರತಿ ಭಾನುವಾರ ಹಿಂದಿನ ಬಾಗಿಲಿಂದ ಬಂದು ಒಯ್ತಾರೆ. ಆ ಹೊಳೇಲಿ ಕಪ್ಪೆ ಬಿಟ್ರೆ ಇನ್ನೇನಿದೆ? ಇವತ್ತು ನಿನ್ನ ನೊಣಾನೂ ಮೀನಿನ ತುಟಿಗೆ ಚುಚ್ಚಿಕೊಡು ಅಂದ್ರು, ನಾನೇ ಚುಚ್ಚಿಕೊಟ್ಟೆ. ಯಾವ ಕೂದಲು ಸುತ್ತಿದ್ರೂ ಆಗ್ತಿತ್ತು."

"ಅಕ್ಕಾ, ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೇ ಅಲ್ವೇನಪ್ಪಾ ಬೆಳಿಗ್ಗೆ ಬಂದಿದ್ದು? ಎಲ್ಲಾ ಗೊತ್ತು ಅಂದ್ಯಲ್ಲ."

ಅವಳು ಮೀನು ತಟ್ಟೆಗೆ ಹಾಕಿಕೊಂಡು ಬೀದಿ ದಾಟಿದಳು. ಹೆಂಡತಿ ಪೊರಕೆ ಹಿಡಿದು ಬಂದು, ಕುರ್ಚಿಯ ಸುತ್ತ ಬಿದ್ದಿದ್ದ ತಾಮ್ರದ ಬಣ್ಣದ ಕೂದಲಿನ ರಾಶಿಯೆದುರು ನಿಂತಳು.

"ರೀ, ಇದನ್ನ ಗುಡಿಸ್ಲಾ, ಇಲ್ಲಾ ಇಟ್ಕೋತೀರಾ?"

ಗೊತ್ತಪ್ಪ ಬಗ್ಗಿ ಅದರಲ್ಲಿ ಒಂದು ಚಿಟಿಕೆ ಎತ್ತಿ ನೋಡಿದ.

"ಗೊತ್ತಿಲ್ಲ ಕಣೇ," ಅಂದ.