ವೆಬ್‌ಸೈಟ್‌ಗೆ ಪ್ರೈಮರ್ ಹೊಡ್ಸಿದ್ದು

ನಾನ್ ಜಾಸ್ತಿ ಮಾತಾಡೋನಲ್ಲ. ನನ್ ಮಾತೆಲ್ಲಾ ಬ್ರಷ್‌ನಾಗೇ. ಆದ್ರೆ ಈ ಅನ್ಯಾಯ ಯಾರ್ ತಾವನಾದ್ರೂ ಹೇಳ್ದೆ ಇದ್ರೆ ನಂಗೆ ಮುದ್ದೆ ಇಳಿಯಾಕಿಲ್ಲ. ಕೇಳಿ, ಕೇಳ್ಬುಟ್ಟು ನೀವೇ ಹೇಳಿ, ನಂದೇನ್ ತಪ್ಪು ಅಂತ.

ನಾನು ಬಾಲರಾಜು. ಕನಕಪುರ ಬಸ್‌ಸ್ಟ್ಯಾಂಡ್ ಹಿಂದೆ 'ಬಾಲು ಆರ್ಟ್ಸ್' ನಂದೇ. ಬೋರ್ಡ್ ಬರೆಯೋದು ಕಸುಬು. ಇಲ್ಲಿಂದ ದೊಡ್ಡಆಲಹಳ್ಳಿವರ್ಗೂ ಬಸ್ಸಲ್ಲೋಗಿ, ಎರಡೂ ಕಡೆ ಕಾಣೋ ಅಕ್ಷರ ಎಲ್ಲಾ ನನ್ ಕೈದೇ. ನನ್ನಂಗ್ಡಿ ಬೋರ್ಡು ಮಾತ್ರ ಬಣ್ಣ ಉದ್ರಿ ಉದ್ರಿ ಹಳೇ ಶಾಸನ ಆಗೈತೆ (ಓದ್ಬೇಕು ಅಂದ್ರೆ ಇತಿಹಾಸದ ಮೇಷ್ಟ್ರೇ ಬರ್ಬೇಕು). ಏನ್ ಮಾಡ್ಲಿ? ಊರೋರ್ದೆಲ್ಲಾ ಬರೆಯೋದ್ರಾಗೆ ನಂದು ಬರ್ಯಕೆ ಟೈಮೆಲ್ಲೈತೆ?

ನನ್ ಹೆಂಡ್ತಿ ಸರಸಮ್ಮ ಮನೆ ಮುಂದಿನ ರೂಮಲ್ಲಿ ಮಿಷಿನ್ ಇಟ್ಕಂಡು ಬಟ್ಟೆ ಹೊಲೀತಾಳೆ. 'ನಂಗೂ ಒಂದ್ ಬೋರ್ಡ್ ಬರ್ಕೊಡಿ' ಅಂತ ಮದ್ವೆಯಾದಾಗಿಂದ ಕೇಳ್ತಾವ್ಳೆ. 'ಒಸಿ ಟೈಮ್ ಸಿಕ್ಲಿ ಕಣಮ್ಮಿ' ಅಂತ ನಾನೂ ಮದ್ವೆಯಾದಾಗಿಂದ ಹೇಳ್ತಾ ಇವ್ನಿ. ಒಂದಿನಾನೂ ಮಾತು ಬದ್ಲಾಯಿಸಿಲ್ಲ. ಕೊನೆಗೆ ಬಾಗ್ಲ ಪಕ್ಕ ಸೀಮೆಸುಣ್ಣದಾಗೆ ಅವ್ಳೇ ಬರ್ಕಂಡ್ಲು. ಅಕ್ಷರ ಎಲ್ಲಾ ಕುಡ್ದು ಬಂದಂಗೆ ವಾಲ್ಕಂಡವೆ. ಬೋರ್ಡ್ ಬರೆಯೋನ ಮನೆ ಬಾಗ್ಲಾಗೆ!

ಆಮ್ಯಾಕೆ ಬಂತು ನೋಡಿ ಫ್ಲೆಕ್ಸ್ ಅನ್ನೋ ಮಾರಿ. ಗುಂಡಿ ಒತ್ತಿದ್ರೆ ಬೋರ್ಡು! ನನ್ ಕೆಲ್ಸ ಅರ್ಧಕ್ಕರ್ಧ ಹೋಯ್ತು. ಆಗ ಬ್ರೌಸಿಂಗ್ ಸೆಂಟರ್ ಇಟ್ಕಂಡಿರೋ ಮುನವ್ವರಾ, 'ಅಣ್ಣಾ, ವೆಬ್‌ಸೈಟ್ ಮಾಡ್ಸಿ, ದೇಶಕ್ಕೇ ಕಾಣ್ತೀರಿ' ಅಂದ್ಲು. ಮಾಡ್ಸಿದ್ದೂ ಆಯ್ತು. ಮಾಡ್ಸಿದ್ಮ್ಯಾಕೆ ಆ ಕಡೆ ತಿರುಗಿ ನೋಡಿಲ್ಲ. ಅದ್ರ ಫೋಟೋದಾಗೆ ನನ್ ಬೋಳ್ ತಲೆ ತುಂಬಾ ಕೂದ್ಲೈತೆ, ಕಿತ್ತಾಕ್ಸಿರೋ ಲ್ಯಾಂಡ್‌ಲೈನ್ ನಂಬರ್ ಐತೆ, ಯಾವ್ದೋ ಕಾಲದ ಯುಗಾದಿ ಶುಭಾಶಯ ಇನ್ನೂ ಮಿಣಮಿಣ ಅಂತೈತೆ.

ಹಿಂಗಿರೋವಾಗ ಹಾರೋಹಳ್ಳಿಯಲ್ಲಿ ಹೊಸ ಫ್ಯಾಕ್ಟ್ರಿ ಎದ್ದಿತು. ಅಲ್ಲಿ ಮ್ಯಾನೇಜರ್ ನರೇಂದ್ರ ಅಂತ. ಫ್ಲೆಕ್ಸು ಗಾಳಿಗೆ ಹರ್ದೋಯ್ತದೆ, ಕೈಯಲ್ಲೇ ಬರೆಸ್ಬೇಕು ಅಂತ ಅವ್ರಿಗೆ ಆಸೆ. ಗೇಟಿಂದ ಹಿಡ್ದು ಕಕ್ಕಸ್‌ವರ್ಗೂ ಬೋರ್ಡು! ವರ್ಷೊಪ್ಪತ್ತಿನ ಕೆಲ್ಸ! ಸಿಕ್ಕಿದ್ರೆ ಬ್ರಷ್ ಉಳೀತದೆ, ಇಲ್ದಿದ್ರೆ ನಾನೂ ಫ್ಲೆಕ್ಸ್ ಅಂಗ್ಡಿ ಮುಂದೆ ಕೈ ಕಟ್ಕಂಡು ನಿಲ್ಬೇಕು.

"ವೆಬ್‌ಸೈಟ್ ಐತಲ್ಲ? ಸೋಮವಾರ ನಮ್ ಸಾಹೇಬ್ರಿಗೆ ತೋರಿಸ್ತೀನಿ" ಅಂದ್ರು, ಯಾರ್ ತಾವಲೋ ನನ್ ಮೊಬೈಲ್ ನಂಬರ್ ಇಸ್ಕಂಡು ಫೋನ್ ಮಾಡಿ.

ಶುಕ್ರವಾರ ಬೆಳಿಗ್ಗೇನೇ ಮುನವ್ವರಾ ತಾವ ಹೋಗಿ, "ತಾಯಿ, ಪೂರಾ ಹೊಸ್ದಾಗ್ಬೇಕು. ಮೊದ್ಲು ಎಲ್ಲಾ ಅಳ್ಸು. ಬಣ್ಣಕ್ಕೆ ಮುಂಚೆ ಬೋರ್ಡಿಗೆ ಹೊಡೆಯೋ ಪ್ರೈಮರ್ ತರ ಬಿಳಿ ಹೊಡಿ" ಅಂದೆ.

"ಅಳಿಸ್ಬೇಕಿಲ್ಲ ಅಣ್ಣಾ. ಇರೋದ್ರಲ್ಲೇ ಬದ್ಲಾಯಿಸ್ಬೋದು."

"ನಂಗೇ ಹೇಳ್ಕೊಡ್ತೀಯಾ? ಹಳೇ ಬಣ್ಣದ ಮ್ಯಾಲೆ ಹೊಸ ಬಣ್ಣ ಬಳುದ್ರೆ ಎರಡೇ ಮಳೆಗೆ ಎದ್ದೋಯ್ತದೆ."

"ವೆಬ್‌ಸೈಟ್ ಮೇಲೆ ಮಳೆ ಬೀಳಲ್ಲ ಅಣ್ಣಾ."

"ಇದುವರ್ಗೂ ಬಿದ್ದಿಲ್ಲ ಅನ್ನು."

ಅವ್ಳು ತಲೆ ಚಚ್ಕಂಡು ಅಳ್ಸಿದ್ಲು. ಟಿವಿ ಪೆಟ್ಗೆಯಂಥ ಆ ಕಂಪ್ಯೂಟ್ರಾಗೆ ಬೆಳ್ಳಗೆ, ಹಾಲಿನಂಗೆ! ಒಂದ್ ಗೆರೆ ಇಲ್ಲ, ಕಲೆ ಇಲ್ಲ. ಅಂಥ ಪ್ರೈಮರ್ ನಾನೂ ಹೊಡ್ದಿಲ್ಲ.

"ಈಗ ಏನ್ ಬರೀಲಿ, ಹೇಳಿ" ಅಂದ್ಲು.

"ಇರು ತಾಯಿ, ಒಣಗ್ಲಿ. ನಾಳೆ ಡಿಸೈನ್ ಬರ್ಕಂಡು ಬತ್ತೀನಿ."

ಬರ್ತಿದ್ದೆ ಕಣ್ರೀ, ಖಂಡಿತ ಬರ್ತಿದ್ದೆ. ತಿಪ್ಪಸಂದ್ರದ ಗೊಬ್ಬರದಂಗ್ಡಿಯೋರು ಅಡ್ಡ ಬಂದ್ರು. ಭಾನುವಾರ ಸಂಜೆ ಓಪನಿಂಗು, ಬೋರ್ಡೇ ಇಲ್ಲ ಅಂತ ಗೋಳಾಡಿದ್ರು. ಬುಟ್ಟು ಬರಕ್ಕಾಯ್ತದಾ? ಎರಡ್ ದಿನ ಏಣಿ ಮ್ಯಾಲೇ ಇದ್ದೆ. ತೆನೆ ಬುಡ್ಸಿ, ಎತ್ತು ಬುಡ್ಸಿ, ಎತ್ತಿನ ಕೊಂಬಿಗೆ ಟೇಪೂ ಬುಡ್ಸಿದೆ.

"ನಿಮ್ ವೆಬ್‌ಸೈಟ್ ಏನಾಯ್ತು?" ಅಂದ್ಲು ಸರಸಮ್ಮ, ಭಾನುವಾರ ಮನೆಗೆ ಬಂದಾಗ.

"ಒಣಗ್ತಾ ಐತೆ."

ಅವ್ಳು ನಕ್ಕಂಡು ಮುದ್ದೆ ಬಡಿಸಿದ್ಲು. (ಆ ನಗು ನೋಡ್ದಾಗ್ಲೇ ಹೆದರ್ಕಬೇಕಿತ್ತು.)

ಸೋಮವಾರ ಬೆಳಿಗ್ಗೆ ಬಾಗ್ಲು ತೆಗೆಯೋ ಹೊತ್ಗೆ ಮುನವ್ವರಾ ತಾವ ಹೋಗನ ಅಂದ್ರೆ ಸೆಂಟರ್‌ಗೆ ಬೀಗ. ಕರೆಂಟಿಲ್ವಂತೆ. ಸರಿ, ಬಾಯಲ್ಲೇ ಹೇಳನ ಅಂತ ಇಸ್ತ್ರಿ ಅಂಗಿ ಹಾಕ್ಕಂಡು ಹಾರೋಹಳ್ಳಿ ಬಸ್ ಹತ್ತಿದೆ. ನರೇಂದ್ರ ಅವ್ರ ರೂಮಿಗೋಗಿ ಕೈ ಮುಗ್ದು, "ಸಾರ್, ನಾನು ಬಾಲರಾಜು, ಕನಕಪುರ, ವೆಬ್‌ಸೈಟು..." ಅಂದೆ.

"ಓ, ಬನ್ನಿ ಬನ್ನಿ! ಸಾಹೇಬ್ರಿಗೆ ಭಾಳಾ ಇಷ್ಟ ಆಯ್ತು. ಎಷ್ಟ್ ನೀಟಾಗಿದೆ! ಟೇಪ್ ತಂದಿದ್ದೀರಾ?"

"ಟೇಪಾ?"

"ಅಳತೆ ತಗಳಕೆ ಮೇಡಂ ಕಳಿಸಿರ್ಬೇಕಲ್ಲ? ಯೂನಿಫಾರಂ ಆರ್ಡರ್ ಅವ್ರಿಗೇ ಕೊಟ್ಬುಟ್ವಲ್ಲ!"

ಕಂಪ್ಯೂಟ್ರು ನನ್ ಕಡೆ ತಿರುಗಿಸಿದ್ರು. ನನ್ ಬಿಳಿ ಗ್ವಾಡೆ ಮ್ಯಾಲೆ, ನಟ್ಟನಡುವೆ, 'ಸರಸಮ್ಮ ಟೈಲರ್ಸ್, ಬ್ಲೌಸ್ ಮತ್ತು ಯೂನಿಫಾರಂ ಹೊಲಿದು ಕೊಡಲಾಗುವುದು'. ಕೆಳಗೆ ಅವ್ಳ ಮೊಬೈಲ್ ನಂಬರ್ರು!

"ಸಾರ್, ಬೋರ್ಡು...?" ಅಂದೆ.

"ಅದಾ? ಸೈಟಲ್ಲಿ ಬೋರ್ಡಿನ ವಿಚಾರವೇ ಇರ್ಲಿಲ್ವಲ್ರೀ. ಬೋರ್ಡಿನೋರ ಸೈಟು ಅಂತ ನಾನೇ ತಪ್ಪು ತಿಳ್ಕಂಡಿದ್ದೆ ಅನ್ಕಂಡೆ. ಒಳ್ಳೇ ಪೇಂಟರ್ ಗೊತ್ತಾ ಅಂತ ಬೆಳಿಗ್ಗೆ ಫೋನಲ್ಲಿ ಮೇಡಂನೇ ಕೇಳ್ದೆ. 'ಒಬ್ರವ್ರೆ, ಚಿನ್ನದಂಥ ಕೈ, ಆದ್ರೆ ಅವ್ರಿಗೆ ಟೈಮಿರಾಕಿಲ್ಲ' ಅಂದ್ರು. ಫ್ಲೆಕ್ಸೋರಿಗೇ ಹೇಳ್ಬುಟ್ವಿ."

ಬಸ್ಸಲ್ಲಿ ಬರ್ತಾ ಬರ್ತಾ ನಾನು ಕುದ್ದೋದೆ. ಮನೆ ಬಾಗ್ಲಲ್ಲೇ ನಿಂತ್ಕಂಡು ಕೂಗ್ದೆ, "ಲೇ ಸರಸಿ! ಗಂಡನ್ ಗ್ವಾಡೆ ಮ್ಯಾಲೆ ನಿನ್ ಹೆಸ್ರು ಬರೆಸ್ಕಂಡ್ಯಲ್ಲೇ?"

ಅವ್ಳು ಮಿಷಿನ್ ನಿಲ್ಲಿಸ್ಲೇ ಇಲ್ಲ. "ಖಾಲಿ ಬಿದ್ದಿತ್ತು. ಶನಿವಾರ ಮುನವ್ವರಾಗೆ ಹೊಲ್ದಿದ್ ಜಾಕೀಟು ಕೊಡಕೋಗಿದ್ದೆ. 'ಅಣ್ಣ ಬಂದೇ ಇಲ್ಲ ಅಕ್ಕ' ಅಂದ್ಲು. ನಿಮ್ದು ಒಣಗೋವರ್ಗೂ ನಂದಿರ್ಲಿ ಅಂದೆ."

"ನಿನ್ ಗಂಡನೇ ಪೇಂಟರ್ ಅಂತ ಫೋನಲ್ಲಿ ಹೇಳಕ್ಕೇನಾಗಿತ್ತು?"

"ಹೇಳ್ಬುಟ್ಟು, ಟೈಮಿಗೆ ನೀವ್ ಬರೀದೆ ಇದ್ರೆ ನನ್ ಆರ್ಡರೂ ಹೋಗಾದು. ನನ್ ಬೋರ್ಡ್ ಕಥೆ ನಂಗೆ ಗೊತ್ತಿಲ್ವಾ?"

ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತಾಕ್ದೆ. ನಾನ್ ಮೊದ್ಲೇ ಜಾಸ್ತಿ ಮಾತಾಡೋನಲ್ಲ.

ಈಗ ನಮ್ಮನೆ ತುಂಬಾ ನೀಲಿ ಬಟ್ಟೆ. ಫ್ಯಾಕ್ಟ್ರಿ ಸಾಹೇಬ್ರು ಅಂಗ್ಡಿ ನೋಡಕೆ ಬತ್ತಾರಂತೆ. ಅದಕ್ಕೇ ಬಾಗ್ಲ ಮ್ಯಾಲೆ 'ಸರಸಮ್ಮ ಟೈಲರ್ಸ್' ಬರೀಲೇಬೇಕಾಯ್ತು. ನಿನ್ನೆ ಹಲಗೆಗೆ ಪ್ರೈಮರ್ ಹೊಡ್ದು, "ಒಣಗ್ಬೇಕು ಕಣಮ್ಮಿ, ಒಂದಿನ" ಅಂದೆ.

"ಒಣಗ್ಲಿ, ಅಲ್ಲೀವರ್ಗೂ ಗುಂಡಿ ಹಾಕಿ" ಅಂತ ಒಂದ್ ರಾಶಿ ಶರ್ಟು ತೊಡೆ ಮ್ಯಾಲೆ ತಂದಾಕಿದ್ಲು.

ದಾರ ಪೋಣಿಸ್ತಾ ಮೆತ್ತಗೆ ಕೇಳ್ದೆ, "ಅಲ್ಲಾ, ನನ್ ವೆಬ್‌ಸೈಟ್ ನಂಗೆ ಯಾವಾಗ ಬುಟ್ಕೊಡ್ತೀಯ?"

"ಕೊಡನ ಬುಡಿ" ಅಂದ್ಲು, ಸೂಜಿಯಿಂದ ಕಣ್ಣೆತ್ತದೆ. "ನಂಗೊಸಿ ಟೈಮ್ ಸಿಕ್ಲಿ."