ಲಿಫ್ಟ್ ಕಂಪನಿಯಲ್ಲಿ ಪಗಾರ ಮಾಡುವ ಕೆಲಸ

ಪಗಾರದ ಕೆಲಸ ಅಂದರೆ ಬರೀ ಲೆಕ್ಕದ ಕೆಲಸ, ಅದರಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹಾಗನ್ನಿಸುವುದು ಸಹಜ. ನನಗೆ ಮಾತ್ರ ತಿಂಗಳಿಗೆ ಒಂದಾದರೂ ಇಂಥದ್ದು ನಡೆಯದಿದ್ದರೆ ಯಾವುದೋ ಎಂಟ್ರಿ ಬಿಟ್ಟುಹೋಗಿದೆಯೇನೋ ಎಂದು ಅನುಮಾನ ಬರುತ್ತದೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಪಕ್ಕದ ಠಾಣೆ ಊರಿನಲ್ಲಿ. ಲಿಫ್ಟ್ ದುರಸ್ತಿ ಮಾಡುವ ಸಣ್ಣ ಕಂಪನಿ. ನಲವತ್ತು ಜನರಿದ್ದೇವೆ. ಹೆಚ್ಚಿನವರು ಮೆಕ್ಯಾನಿಕ್‌ಗಳು, ಹಗಲೆಲ್ಲ ಯಾವುದಾದರೂ ಟವರಿನ ತುದಿಯಲ್ಲಿರುತ್ತಾರೆ. ಮಾಲಕರು ಉಡುಪಿ ಕಡೆಯವರು, ನಾನು ಗದಗಿನವಳು. ಅವರ ‘ಎಂತದು ಮರಾಯ್ರೆ’ಗೂ ನನ್ನ ‘ಏನ್ರೀ’ಗೂ ಹದಿನೈದು ವರ್ಷದಿಂದ ಹೊಂದಿಕೆಯಾಗಿಬಿಟ್ಟಿದೆ. ಪಗಾರದ ಲೆಕ್ಕ ಹಾಕುವುದು, ಪಿಎಫ್ ತುಂಬುವುದು, ಸರ್ಕಾರದ ತೆರಿಗೆ ಕತ್ತರಿಸಿ ಕಟ್ಟುವುದು ಎಲ್ಲ ನನ್ನ ಮೇಜಿನ ಮೇಲೆಯೇ. ತಪ್ಪಿದರೆ ನೋಟೀಸು ಬರುವುದೂ ಅಲ್ಲಿಗೇ.

1. ಇಪ್ಪತ್ತೆಂಟು ದಿನದ ತಿಂಗಳು

ಮಹಾರಾಷ್ಟ್ರದಲ್ಲಿ ಪಗಾರದಿಂದ ವೃತ್ತಿ ತೆರಿಗೆ ಅಂತ ತಿಂಗಳಿಗೆ ಇನ್ನೂರು ರೂಪಾಯಿ ಕತ್ತರಿಸಬೇಕು. ಫೆಬ್ರವರಿಯಲ್ಲಿ ಮಾತ್ರ ಮುನ್ನೂರು. ಇದನ್ನು ನಾನು ಮಾಡಿದ ಕಾನೂನು ಎಂದು ನಮ್ಮ ಮೆಕ್ಯಾನಿಕ್‌ಗಳು ಬಹಳ ದಿನ ನಂಬಿದ್ದರು.

ಒಂದು ವರ್ಷ ಪಗಾರದ ಚೀಟಿ ಕೈಗೆ ಬಂದ ಕೂಡಲೇ ಏಳೆಂಟು ಜನ ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡೇ ನನ್ನ ಮೇಜಿನ ಸುತ್ತ ನಿಂತರು. ಮುಂದೆ ನಿಂತಿದ್ದವನು ಎಲ್ಲರಿಗಿಂತ ಹಿರಿಯ.

“ಮ್ಯಾಡಮ್, ಫೆಬ್ರವರಿಗೆ ಎಷ್ಟು ದಿನ?”

“ಇಪ್ಪತ್ತೆಂಟು.”

“ಎರಡು ದಿನ ಕಮ್ಮಿ ಇರುವ ತಿಂಗಳಿಗೆ ನೂರು ರೂಪಾಯಿ ಜಾಸ್ತಿ ಕತ್ತರಿಸೋದು ಯಾವ ನ್ಯಾಯ?”

ಟೂಲ್ ಬ್ಯಾಗುಗಳಲ್ಲಿದ್ದ ಸ್ಪ್ಯಾನರುಗಳನ್ನು ನೋಡಿ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡೆ. ಆದರೂ ಕಾಗದ ತೆಗೆದುಕೊಂಡು ಬರೆದು ತೋರಿಸಿದೆ. ವರ್ಷಕ್ಕೆ ಎರಡೂವರೆ ಸಾವಿರ ಕಟ್ಟಬೇಕು. ಹನ್ನೊಂದು ತಿಂಗಳು ಇನ್ನೂರರಂತೆ ಎರಡು ಸಾವಿರದ ಇನ್ನೂರಾಯಿತು. ಉಳಿದ ಮುನ್ನೂರು ಫೆಬ್ರವರಿಗೆ. ಹಿರಿಯ ಎರಡು ಸಲ ಕೂಡಿ ನೋಡಿ ತಲೆಯಾಡಿಸಿದ. “ಬರೋಬರ್ ಇದೆ, ನಡೀರಿ” ಎಂದು ಎಲ್ಲರನ್ನೂ ಹೊರಡಿಸಿದ. ನಾನು ನೀರಿನ ಬಾಟಲಿ ಎತ್ತಿಕೊಂಡೆ.

ಬಾಗಿಲವರೆಗೆ ಹೋದ ಒಬ್ಬ ತಿರುಗಿ ಬಂದ. “ಮ್ಯಾಡಮ್, ಜನವರಿ ಕೊನೆಗೆ ರಾಜೀನಾಮೆ ಕೊಟ್ಟು ಮಾರ್ಚ್ ಒಂದಕ್ಕೆ ಮತ್ತೆ ಸೇರಿದರೆ ಆ ಮುನ್ನೂರು ಉಳೀತದಲ್ಲ?”

ಕ್ಯಾಬಿನ್ನಿನ ಒಳಗಿನಿಂದ ಮಾಲಕರ ಸ್ವರ ಬಂತು. “ಉಳೀತದೆ ಮರಾಯ. ಆ ತಿಂಗಳ ನಿನ್ನ ಪಗಾರ ನನಗೆ ಉಳೀತದೆ.”

2. ಆಫೀಸಿನ ಮೂರನೆಯ ಹೆಂಗಸು

ನಮ್ಮಲ್ಲಿ ಹೆಂಗಸರು ಇಬ್ಬರೇ, ನಾನು ಮತ್ತು ಫೋನ್ ತೆಗೆದುಕೊಳ್ಳುವ ಹುಡುಗಿ. ಒಂದು ಏಪ್ರಿಲ್‌ನಲ್ಲಿ ವರ್ಷದ ಪಟ್ಟಿ ತಾಳೆ ನೋಡುವಾಗ ಕಂಪ್ಯೂಟರ್ ಮೂವರು ಎಂದಿತು. ಹೆಸರು ಹುಡುಕಿದೆ. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದ ಮೆಕ್ಯಾನಿಕ್! ಇಬ್ಬರು ಹಿಡಿದರೂ ಅಲುಗದ ಮೋಟರನ್ನು ಒಬ್ಬನೇ ಎತ್ತಿ ಮೆಟ್ಟಿಲು ಹತ್ತುವವನು.

ತಪ್ಪು ನನ್ನದೇ. ಅವನ ಹೆಸರು ಹುಡುಗರಿಗೂ ಇಡುತ್ತಾರೆ, ಹುಡುಗಿಯರಿಗೂ ಇಡುತ್ತಾರೆ. ಆಳನ್ನು ನೋಡುವ ಮೊದಲೇ ಹೆಸರು ನೋಡಿ ‘ಸ್ತ್ರೀ’ ಎಂದು ಒತ್ತಿಬಿಟ್ಟಿದ್ದೆ. ಇಲ್ಲಿ ಇಪ್ಪತ್ತೈದು ಸಾವಿರದೊಳಗೆ ಪಗಾರ ಇರುವ ಹೆಂಗಸರಿಗೆ ವೃತ್ತಿ ತೆರಿಗೆ ಮಾಫಿ. ಹಾಗಾಗಿ ಎಂಟು ತಿಂಗಳಿಂದ ಅವನ ಪಗಾರದಲ್ಲಿ ಒಂದು ಪೈಸೆಯೂ ಕತ್ತರಿಸಿರಲಿಲ್ಲ.

ನೇರ ಮಾಲಕರ ಹತ್ತಿರ ಹೋಗಿ ಒಪ್ಪಿಕೊಂಡೆ. ಅವರು ಬಡ್ಡಿ ಸೇರಿ ಎಷ್ಟಾಗುತ್ತದೆ ಎಂದು ಕೇಳಿದರು, ಹೇಳಿದೆ. “ಇಷ್ಟೇಯಾ? ನಿಮ್ಮ ಮುಖ ನೋಡಿ ನಾನು ಲಿಫ್ಟೇ ಬಿತ್ತು ಅಂತ ಹೆದರಿದ್ದೆ” ಎಂದು ಕುರ್ಚಿಗೆ ಒರಗಿದರು. ಬಡ್ಡಿ ಕಂಪನಿಯೇ ಕಟ್ಟಲಿ, ತೆರಿಗೆ ಮಾತ್ರ ಅವನಿಂದ ಕಂತಿನಲ್ಲಿ ಹಿಡಿಯಿರಿ ಎಂದರು.

ಅವನನ್ನು ಕರೆಸಿದೆ. “ಎಂಟು ತಿಂಗಳು ಚೀಟಿಯಲ್ಲಿ ತೆರಿಗೆ ಇಲ್ಲದ್ದು ನೋಡಲಿಲ್ಲವಾ?”

“ನೋಡಿದೆ ಮ್ಯಾಡಮ್. ಸೇಠ್ ನನ್ನ ಕೆಲಸ ಮೆಚ್ಚಿ ಮಾಫ್ ಮಾಡಿದಾರೆ ಅಂದ್ಕೊಂಡೆ. ಬೇರೆಯವರಿಗೆ ಹೊಟ್ಟೆಕಿಚ್ಚು ಬೇಡ ಅಂತ ಯಾರಿಗೂ ಹೇಳಲಿಲ್ಲ.”

ನಿಜ ಸಂಗತಿ ತಿಳಿಸಿದೆ. ಅವನು ನಾಚಿ ನೆಲ ನೋಡಿದ, ಆಮೇಲೆ ಕಂತಿಗೆ ಒಪ್ಪಿ ಸಹಿ ಹಾಕಿದ. ಏಳುವಾಗ ಏನೋ ಹೊಳೆದಂತೆ ನಿಂತ.

“ಮ್ಯಾಡಮ್, ಮಾರ್ಚ್‌ನಲ್ಲಿ ಮಹಿಳಾ ದಿನಕ್ಕೆ ನಿಮಗಿಬ್ಬರಿಗೂ ಸೇಠ್ ಸ್ಟೀಲ್ ಡಬ್ಬಿ ಕೊಟ್ಟರಲ್ಲ? ಆಗ ನಾನೂ ಲಿಸ್ಟ್‌ನಲ್ಲಿದ್ದೆ. ನನ್ನ ಡಬ್ಬಿ ಎಲ್ಲಿ?”

3. ಮಾವನ ರಸೀದಿ

ಸೇಲ್ಸ್ ನೋಡಿಕೊಳ್ಳುವವರು ಒಬ್ಬರಿದ್ದರು. ನೆರೂಳದಲ್ಲಿ ಹೆಂಡತಿಯ ತಂದೆಯ ಮನೆಯಲ್ಲೇ ವಾಸ. ಬಾಡಿಗೆ ಕಟ್ಟುವವರಿಗೆ ಆದಾಯ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಇದೆಯಲ್ಲ, ಒಂದು ಜನವರಿಯಲ್ಲಿ ಅವರು ಮಾವನಿಗೆ ಬಾಡಿಗೆ ಕೊಟ್ಟ ರಸೀದಿಗಳ ಕಟ್ಟು ತಂದು ನನ್ನ ಮುಂದಿಟ್ಟರು. ಎಲ್ಲ ತಿಂಗಳದ್ದೂ ಒಂದೇ ಪೆನ್ನು, ಅಕ್ಷರದ ಓರೆಯೂ ಒಂದೇ.

ನನಗೆ ಸಂಶಯ ಬಂತು, ಆದರೆ ಮುಖದ ಮೇಲೆ ಹೇಳುವುದು ಹೇಗೆ? “ಬಾಡಿಗೆ ಇಷ್ಟು ದೊಡ್ಡದಿದ್ದರೆ ಮನೆ ಮಾಲಕರ ಪ್ಯಾನ್ ನಂಬರ್ ಬೇಕಾಗ್ತದೆ. ಕೇಳಿ ತನ್ನಿ” ಎಂದೆ. ಅವರು ಕಿವಿಯ ಹಿಂದೆ ಕೆರೆದುಕೊಂಡು ಹೋದರು.

ಮರುವಾರ ನಂಬರಿನ ಬದಲು ಮಾವನೇ ಬಂದರು. ಮಂಗಳೂರು ಕಡೆಯವರು, ಸರ್ಕಾರಿ ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಏರಿಸಿ ಒಂದೊಂದೇ ರಸೀದಿ ಬೆಳಕಿಗೆ ಹಿಡಿದು ನೋಡಿದರು. ಅಳಿಯ ಕಿಟಕಿಯ ಹೊರಗಿನ ಫ್ಲೈಓವರ್ ನೋಡುತ್ತ ನಿಂತಿದ್ದರು.

“ಇದು ನನ್ನ ಸಹಿ ಅಲ್ಲ ಅಮ್ಮ. ನನ್ನ ಸಹಿ ಇಷ್ಟು ಚಂದ ಇಲ್ಲ.”

ಈಗ ಇಲ್ಲೊಂದು ಜಗಳ ಆಗುತ್ತದೆ ಎಂದುಕೊಂಡೆ. ಅವರು ಜಗಳ ಮಾಡಲಿಲ್ಲ. ಕಟ್ಟನ್ನು ಅಳಿಯನ ಕೈಗೆ ವಾಪಸು ಕೊಟ್ಟು, ಚೀಲದಿಂದ ಹೊಸ ರಸೀದಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

“ಬಾಡಿಗೆ ಬಂದ್ರೆ ರಸೀದಿ ಕೊಡ್ಲಿಕ್ಕೆ ನಂದೇನೂ ಅಡ್ಡಿ ಇಲ್ಲ. ಬರುವ ತಿಂಗಳು ಒಂದನೇ ತಾರೀಕಿಗೆ ಚೆಕ್ ಕೊಡ್ಲಿ, ಆ ಕಟ್ಟಿನಲ್ಲಿ ಬರ್ದಿರುವಷ್ಟೇ. ಡಿಪಾಸಿಟ್ ಕೇಳುದಿಲ್ಲ, ಮನೆಯವನಲ್ಲವಾ?”

ಸುಳ್ಳು ಕಾಗದ ನನ್ನ ಫೈಲಿಗೆ ಸೇರುವುದು ತಪ್ಪಿತು. ಆ ದಿನ ಊಟ ರುಚಿ ಹತ್ತಿತು.

ನಿಜವಾದ ಬಾಡಿಗೆ ಎರಡು ತಿಂಗಳು ನಡೆಯಿತು. ಆಮೇಲೆ ಅಳಿಯ ಬಂದು, ರಿಯಾಯಿತಿಯೇ ಬೇಡ, ಏಪ್ರಿಲ್‌ನಿಂದ ತನ್ನನ್ನು ರಿಯಾಯಿತಿ ಇಲ್ಲದ ತೆರಿಗೆ ಪದ್ಧತಿಗೆ ಹಾಕಿಬಿಡಿ ಎಂದರು. “ತೆರಿಗೆ ಹೆಚ್ಚಾದೀತು” ಎಂದು ಎಚ್ಚರಿಸಿದೆ.

“ಆಗಲಿ ಮ್ಯಾಡಮ್. ಸರ್ಕಾರ ದುಡ್ಡು ತಗೊಂಡು ಸುಮ್ಮನಾಗ್ತದೆ. ಚೆಕ್ ತಡ ಆದ್ರೆ ಊಟಕ್ಕೆ ಎದುರಿಗೆ ಬಂದು ಕೂತ್ಕೊಳ್ಳುದಿಲ್ಲ.”

4. ಪಗಾರ ಬಂತು, ಆಳೂ ಬಂದ

ಕಲ್ಯಾಣದಲ್ಲಿ ಜಾಲರಿ ಬಾಗಿಲಿನ ಹಳೆಯ ಲಿಫ್ಟುಗಳು ಇನ್ನೂ ಕೆಲವು ಇವೆ. ಅವುಗಳ ಸ್ವಭಾವ ಬಲ್ಲವನು ನಮ್ಮಲ್ಲಿ ಒಬ್ಬನೇ ಇದ್ದ, ಐವತ್ತು ದಾಟಿದ ಮರಾಠಿ ಮಿಸ್ತ್ರಿ. ಮಾಲಕರು ಒಂದು ಸಲ ಎಲ್ಲರಿಗೂ ಕಂಪನಿ ಹೆಸರಿನ ಕಿತ್ತಳೆ ಟೀ ಶರ್ಟ್ ಹೊಲಿಸಿದರು. ಮಿಸ್ತ್ರಿ, “ಈ ವಯಸ್ಸಿನಲ್ಲಿ ನಾನು ಸಿಲಿಂಡರ್ ಡೆಲಿವರಿಯವನ ಹಾಗೆ ತಿರುಗಬೇಕಾ?” ಎಂದ. ಮಾತಿಗೆ ಮಾತು ಬೆಳೆಯಿತು. ಸಂಜೆಯೊಳಗೆ ಅವನು ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟೇಹೋದ.

ಅದಾದ ಮೇಲೆ ಕಲ್ಯಾಣದ ಒಂದು ಬಿಲ್ಡಿಂಗಿನ ಲಿಫ್ಟ್ ಮೇಲಿಂದ ಮೇಲೆ ಎರಡನೇ ಮಹಡಿಯಲ್ಲೇ ನಿಲ್ಲತೊಡಗಿತು. ಅಲ್ಲಿನ ನಿವಾಸಿಗಳ ಸೊಸೈಟಿಯ ಸೆಕ್ರೆಟರಿ ದಿನಾ ಫೋನ್ ಮಾಡಿ ಬೈಯುತ್ತಿದ್ದರು. ಮಿಸ್ತ್ರಿಯನ್ನು ವಾಪಸು ಕರೆಯಿರಿ ಎಂದು ಮಾಲಕರಿಗೆ ಹೇಳುವ ಧೈರ್ಯ ನಮಗಿಲ್ಲ, ಕರೆಯುವ ಮನಸ್ಸು ಅವರಿಗಿದ್ದರೂ ಬಾಯಿ ಬರದು.

ಆ ತಿಂಗಳ ಪಗಾರ ಹೋದ ಮರುದಿನ ಬೆಳಿಗ್ಗೆ ಲೆಕ್ಕ ನೋಡಿದರೆ ಒಂದು ಪಗಾರ ಹೆಚ್ಚು ಹೋಗಿದೆ. ನಾನು ಬ್ಯಾಂಕಿಗೆ ಹಿಂದಿನ ತಿಂಗಳ ಪಟ್ಟಿಯನ್ನೇ ಕಳಿಸಿಬಿಟ್ಟಿದ್ದೆ, ಮಿಸ್ತ್ರಿಯ ಪೂರ್ತಿ ಪಗಾರ ಅವನ ಖಾತೆಗೆ ಬಿದ್ದಿತ್ತು. ಜಗಳವಾಡಿ ಹೋದ ಮನುಷ್ಯನಿಂದ ದುಡ್ಡು ವಾಪಸು ಕೇಳುವುದು ಹೇಗೆ? ಎರಡು ಸಲ ಅವನ ನಂಬರ್ ಒತ್ತಿ ಎರಡು ಸಲವೂ ಕೆಳಗಿಟ್ಟೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಿಸ್ತ್ರಿ! ಮೈಮೇಲೆ ಇಸ್ತ್ರಿ ಮಾಡಿದ ಕಿತ್ತಳೆ ಟೀ ಶರ್ಟ್.

“ಪಗಾರ್ ಆಯಾ, ತೋ ಮೈ ಭೀ ಆಯಾ” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಸೇಠ್ ಬಾಯಿಬಿಟ್ಟು ಕರೆಯುವವರಲ್ಲ, ನನಗೆ ಗೊತ್ತು. ಪಗಾರ ಹಾಕಿ ಕರೆದಿದ್ದಾರೆ. ದೊಡ್ಡ ಮನಸ್ಸು” ಎಂದ. ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ನಾನು ಕ್ಯಾಬಿನ್ನಿಗೆ ಓಡಿ, ಒಂದೇ ಉಸಿರಿನಲ್ಲಿ ಮಾಲಕರಿಗೆ ಎಲ್ಲ ಒದರಿದೆ. ಅವರು ಎದ್ದು ಗಾಜಿನಿಂದ ಹೊರಗೆ ನೋಡಿದರು. ಟೀ ಶರ್ಟ್ ನೋಡಿದರು. ನನಗೆ ಬಾಯಿ ಮುಚ್ಚಲು ಸನ್ನೆ ಮಾಡಿ ಹೊರಗೆ ಹೋಗಿ, “ಇಷ್ಟು ತಡವಾ? ಕಲ್ಯಾಣದ ಲಿಫ್ಟ್ ಬೆಳಿಗ್ಗೆಯಿಂದ ನಿಂತಿದೆ” ಎಂದು ಗದರಿದರು. ಮಿಸ್ತ್ರಿ ಬ್ಯಾಗ್ ಎತ್ತಿಕೊಂಡು ಓಡಿದ.

ಹಾಕಿದ ಪಗಾರವನ್ನು ಮುಂಗಡ ಎಂದು ಬರೆದುಕೊಂಡೆ. ಲೆಕ್ಕವೂ ಸರಿಹೋಯಿತು. ಮಾಲಕರು ಚಹಾ ಕುಡಿಯುತ್ತ ನಿಧಾನವಾಗಿ ಹೇಳಿದರು.

“ನಿಮ್ಮ ತಪ್ಪುಗಳ ಪೈಕಿ ಇದೊಂದನ್ನು ಸರಿಯಾಗಿ ಮಾಡಿದ್ದೀರಿ ಮರಾಯ್ರೆ.”

5. ಹೊಟ್ಟೆಯಲ್ಲಿ ಹುಟ್ಟಿದ ಮಗ ಕೇಳಿದರೂ

ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬನಿದ್ದಾನೆ, ನನ್ನನ್ನು ಅಕ್ಕಾರ ಎನ್ನುತ್ತಾನೆ. ಹೋದ ಸಂಕ್ರಾಂತಿಯ ಮಾರನೆಯ ದಿನ ಬಂದು ಕೂತ. ಹೆಂಡತಿಯ ಪಿತ್ತಕೋಶದಲ್ಲಿ ಕಲ್ಲು, ಮುಂದಿನ ವಾರ ಆಪರೇಶನ್, ಆಸ್ಪತ್ರೆಗೆ ಮೊದಲೇ ದುಡ್ಡು ಕಟ್ಟಬೇಕು. ಕಾಯಿಲೆಗೆಂದು ಪಿಎಫ್‌ನಿಂದ ತೆಗೆಯಬಹುದು, ಆದರೆ ಅರ್ಜಿ ಅಂದೇ ಹೋಗಬೇಕು, ಇಲ್ಲವಾದರೆ ಹೊತ್ತಿಗೆ ದುಡ್ಡು ಬರುವುದಿಲ್ಲ.

ಕಂಪ್ಯೂಟರಿನಲ್ಲಿ ಎಲ್ಲ ತುಂಬಿದೆ. ಕೊನೆಗೆ ಓಟಿಪಿ ಕೇಳಿತು. ಅದು ಹೋದದ್ದು ಆಧಾರ್ ಕಾರ್ಡಿಗೆ ಜೋಡಿಸಿದ ಅವನ ಹಳೆಯ ನಂಬರಿಗೆ. ಆ ನಂಬರಿನ ಫೋನನ್ನು ಅವನು ತಾಯಿಗೆ ಕೊಟ್ಟಿದ್ದ. ತಾಯಿ ಇರುವುದು ಕಾಮೋಠೆಯಲ್ಲಿ, ಅವನ ಅಕ್ಕನ ಮನೆಯಲ್ಲಿ. ಅವನ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಆಫೀಸಿನ ಫೋನಿನಿಂದ ಹಚ್ಚಿ ಸ್ಪೀಕರಿಗೆ ಹಾಕಿದೆ.

“ಅವ್ವಾ, ನಾನಬೇ. ನಿನ್ನ ಫೋನಿಗೆ ಈಗ ಒಂದು ನಂಬರ್ ಬಂದೈತಿ, ಓದಿ ಹೇಳು.”

“ಯಾರ್ ನೀ?”

“ನಿನ್ನ ಮಗಾ ಬೇ.”

“ಎಲ್ಲಾರೂ ಹಂಗ ಅಂತಾರ. ಬ್ಯಾಂಕಿನ್ಯಾಗ ಆ ಹುಡುಗಿ ಹೇಳ್ಯಾಳ, ಹೊಟ್ಟ್ಯಾಗ ಹುಟ್ಟಿದ ಮಗಾ ಕೇಳಿದ್ರೂ ಹೇಳಬ್ಯಾಡ್ರಿ ಅಂತ. ಈಗ ಕಳ್ಳರು ದನೀನೂ ಕದೀತಾರಂತ.”

ನಾನು ನಡುವೆ ಬಾಯಿ ಹಾಕಿದೆ. “ಅವ್ವಾರ, ನಾ ಇವರ ಆಫೀಸಿನ್ಯಾಕಿ ಮಾತಾಡ್ತೀನ್ರೀ. ಇವ್ರು ನಿಮ್ಮ ಮಗನ ಹೌದ್ರೀ.”

“ಹಾಂ! ಮೊದಲ ಗಂಡಸು ಮಾತಾಡ್ತಾನ, ಆಮ್ಯಾಲ ಹೆಂಗಸು ಬರ್ತಾಳ. ಇದನ್ನೂ ಹೇಳ್ಯಾರ.”

ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿದೇಹೋಯಿತು. ಇನ್ನೊಂದು ಕಳಿಸಿದೆ. ಅವನು ಅಳುವ ದನಿಯಲ್ಲಿ, “ನಿನಗ ಏನ್ ಬೇಕು ಕೇಳಬೇ, ಹೇಳ್ತೀನಿ” ಎಂದ.

“ನಿಮ್ಮಪ್ಪನ ಹೆಸರೇನು?”

ಹೇಳಿದ.

“ಅದು ಆಧಾರ್ ಕಾರ್ಡಿನ್ಯಾಗ ಐತಿ. ಸಣ್ಣಾವಿದ್ದಾಗ ಏನ್ ನುಂಗಿದ್ದಿ?”

ಅವನು ಸುತ್ತ ನೋಡಿದ. ಮಾಲಕರೂ ಕ್ಯಾಬಿನ್ನಿನಿಂದ ಹೊರಗೆ ಬಂದು ನಿಂತಿದ್ದರು. “ಅಂಗಿ ಗುಂಡಿ.”

“ಎಷ್ಟು?”

“ಎರಡು ಬೇ.”

“ಅದು ಓಣಿ ಮಂದಿಗೆಲ್ಲಾ ಗೊತ್ತೈತಿ. ಕಡೀ ಪ್ರಶ್ನೆ. ನೀ ಹಿಂದಿನ ಸಲ ನನಗ ಫೋನ್ ಮಾಡಿದ್ದು ಯಾವಾಗ?”

ಅವನು ನನ್ನ ಮೇಜಿನ ಮೇಲಿದ್ದ ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ನೋಡುತ್ತ ಮೆಲ್ಲಗೆ ಹೇಳಿದ, “ಗಣಪತಿ ಹಬ್ಬಕ್ಕ ಬೇ.”

“ಹಾಂ, ಹಂಗಿದ್ರ ನೀ ನನ್ನ ಮಗನ ಹೌದು. ಕಳ್ಳ ಆಗಿದ್ರ ದಿನಾ ಫೋನ್ ಮಾಡ್ತಿದ್ದ. ಬರ್ಕೋ.”

ಆರು ಅಂಕಿ ಹೇಳಿದರು. ಅರ್ಜಿ ಹೋಯಿತು. ದುಡ್ಡು ಹೊತ್ತಿಗೆ ಸರಿಯಾಗಿ ಬಂತು, ಆಪರೇಶನ್ ಚೆನ್ನಾಗಿ ಆಯಿತು, ಹೆಂಡತಿ ನಾಲ್ಕನೇ ದಿನ ಮನೆಗೆ ಬಂದಳು. ಆ ಮಾತು ಅವನ ಮನಸ್ಸಿಗೆ ಎಷ್ಟು ತಾಗಿತ್ತೆಂದರೆ ಅಂದಿನಿಂದ ದಿನಾ ಮಧ್ಯಾಹ್ನ ಡಬ್ಬಿ ತೆರೆಯುವ ಮೊದಲು ತಾಯಿಗೆ ಫೋನ್ ಮಾಡತೊಡಗಿದ. ನನಗೂ ಸಮಾಧಾನವಾಯಿತು.

ಎರಡು ವಾರ ಕಳೆದ ಮೇಲೆ ಆಫೀಸಿನ ಫೋನ್ ರಿಂಗಾಯಿತು. ಕಾಮೋಠೆಯ ತಾಯಿ. ದನಿಯಲ್ಲಿ ಆತಂಕ.

“ಬಾಯಾರ, ಅಂವ ಈಗ ದಿನಾ ಫೋನ್ ಮಾಡಾಕತ್ಯಾನ್ರೀ. ಉಂಡಿ ಏನು, ಮೊಣಕಾಲ ನೋವು ಹೆಂಗೈತಿ ಅಂತ ಕೇಳ್ತಾನ. ಒಂದೀಟು ಚಂದಂಗ ನೋಡಿ ಹೇಳ್ರಿ, ಖರೇನ ಅಂವ ನನ್ನ ಮಗನ ಹೌದೋ ಅಲ್ಲೋ?”